ಕಣ್ಣಿಗೆ ರಾತ್ರಿಯ ಇಸ್ತ್ರಿ

ಇಸ್ತ್ರಿ ಪೆಟ್ಟಿಗೆ ಎಲ್ಲರ ಮನೆಗೂ ಬಾರದಿದ್ದ ಕಾಲದಲ್ಲಿ ಶಾಲೆಗೆ ಹೋಗುವ ಹುಡುಗರು ಅಂಗಿ, ಚಡ್ಡಿಗಳನ್ನು ಒಪ್ಪವಾಗಿ ಮಡಿಸಿ ಹಾಸಿಗೆಯ ಕೆಳಗಿಟ್ಟು ಮಲಗುತ್ತಿದ್ದರು. ಬೆಳಿಗ್ಗೆ ಎದ್ದಾಗ ಬಟ್ಟೆಗೆ ಗರಿಗರಿಯಾದ ಗೆರೆ ಮೂಡಿರುತ್ತಿತ್ತು. ಸಂಜೆಯ ಹೊತ್ತಿಗೆ ಅದು ಮಾಸುತ್ತಿತ್ತು. ರಾತ್ರಿ ಮತ್ತೆ ಹಾಸಿಗೆಯ ಕೆಳಗೆ.

ಇಂಥದೇ ಉಪಚಾರವನ್ನು ಕಣ್ಣಿಗೂ ಮಾಡಬಹುದೆಂದರೆ ನಂಬುವುದು ಕಷ್ಟ. ಆದರೆ ಜಗತ್ತಿನಲ್ಲಿ ಇಂದು ಲಕ್ಷಾಂತರ ಮಂದಿ, ಅದರಲ್ಲೂ ಪೂರ್ವ ಏಷ್ಯಾದ ಶಾಲಾ ಮಕ್ಕಳು, ಮಲಗುವ ಮುನ್ನ ಕಣ್ಣಿಗೆ ಪುಟ್ಟದೊಂದು ಗಟ್ಟಿ ಲೆನ್ಸ್ ಹಾಕಿಕೊಂಡು, ಬೆಳಿಗ್ಗೆ ಅದನ್ನು ತೆಗೆದಿಟ್ಟು, ಕನ್ನಡಕವಿಲ್ಲದೆಯೇ ಕರಿಹಲಗೆಯ ಅಕ್ಷರಗಳನ್ನು ಓದುತ್ತಾರೆ. ಈ ವಿಧಾನಕ್ಕೆ ಆರ್ಥೊಕೆರಟಾಲಜಿ ಎಂದು ಹೆಸರು. ಕಾರ್ನಿಯಾವನ್ನು ತಿದ್ದುವ ವಿದ್ಯೆ ಎಂಬುದು ಈ ಗ್ರೀಕ್ ಮೂಲದ ಪದದ ಸ್ಥೂಲ ಅರ್ಥ. ಅರವತ್ತು ವರ್ಷಗಳಿಗೂ ಮಿಗಿಲಾದ ಅದರ ಚರಿತ್ರೆ ಸರಳವಾದ ವಿಜಯಯಾತ್ರೆಯಲ್ಲ. ದೊಡ್ಡ ಭರವಸೆಯಿಂದ ಹೊರಟು, ವಿಜ್ಞಾನದ ಪರೀಕ್ಷೆಯಲ್ಲಿ ಸೋತು, ಮಕ್ಕಳ ಕಣ್ಣುಗಳಿಗೆ ಹಾನಿಯನ್ನೂ ಮಾಡಿ, ಕೊನೆಗೆ ತಾನು ಎಣಿಸಿರದ ಬೇರೊಂದು ಕೆಲಸದಲ್ಲಿ ಸಾರ್ಥಕವಾದ ವಿದ್ಯೆ ಇದು.

ದೂರ ಏಕೆ ಮಸುಕು?

ಸಮೀಪದೃಷ್ಟಿ ಎಂದರೇನೆಂಬುದನ್ನು ಸರಿಯಾಗಿ ವಿವರಿಸಿದವನು ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಜೋಹಾನ್ಸ್ ಕೆಪ್ಲರ್. ಬಿಂಬವು ಮೂಡುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲದ ಮೇಲೆ ಎಂದೂ, ಸಮೀಪದೃಷ್ಟಿಯವರಲ್ಲಿ ದೂರದ ವಸ್ತುವಿನ ಕಿರಣಗಳು ಅದನ್ನು ಮುಟ್ಟುವ ಮೊದಲೇ ಕೂಡಿಕೊಳ್ಳುತ್ತವೆ ಎಂದೂ ಅವನು 1604ರಲ್ಲಿ ತೋರಿಸಿಕೊಟ್ಟ. ನಿಮ್ನ ಮಸೂರದ ಕನ್ನಡಕ ಆ ಕಿರಣಗಳನ್ನು ಸ್ವಲ್ಪ ಹರಡಿ, ಕೂಡುವ ಬಿಂದುವನ್ನು ಹಿಂದಕ್ಕೆ ತಳ್ಳುತ್ತದೆ.

ಕಣ್ಣಿನ ಒಟ್ಟು ಬೆಳಕು ಬಾಗಿಸುವ ಶಕ್ತಿಯಲ್ಲಿ ಸುಮಾರು ಮೂರನೆಯ ಎರಡು ಭಾಗ ಇರುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದಲ್ಲಿ. ಅದರ ನಡುಭಾಗದ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಈ ಗುಮ್ಮಟವನ್ನು ಕೊಂಚ ಚಪ್ಪಟೆ ಮಾಡಿದರೆ ಅದರ ಶಕ್ತಿ ಕುಗ್ಗಿ, ಕನ್ನಡಕ ಮಾಡುವ ಕೆಲಸವನ್ನು ಕಣ್ಣೇ ಮಾಡಿಕೊಳ್ಳುತ್ತದೆ. ತರ್ಕ ಇಷ್ಟು ಸುಲಭ. ಆದರೆ ಜೀವಂತ ಕಣ್ಣನ್ನು ನೋಯಿಸದೆ, ಕೆಡಿಸದೆ ಒತ್ತಿ ತಿದ್ದುವುದು ಹೇಗೆ?

ಗಾಜಿನಿಂದ ಪ್ಲಾಸ್ಟಿಕ್‌ವರೆಗೆ

ಮನುಷ್ಯರ ಕಣ್ಣಿಗೆ ತೊಡಿಸುವ ಲೆನ್ಸನ್ನು 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಫಿಕ್ ವರ್ಣಿಸಿದ. ಅದು ಕಣ್ಣಿನ ಬಿಳಿಭಾಗವನ್ನೂ ಮುಚ್ಚುವ ಗಾಜಿನ ಚಿಪ್ಪು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಯೂಜೀನ್ ಕಾಲ್ಟ್ ಎಂಬ ವೈದ್ಯ, ಕಾರ್ನಿಯಾ ಶಂಕುವಿನಂತೆ ಮುಂಚಾಚುವ ರೋಗಕ್ಕೆ ಗಾಜಿನ ಚಿಪ್ಪನ್ನು ಬಳಸಿ ನೋಡಿದ. ಹೊರಗಿನಿಂದ ಒತ್ತಿ ಕಾರ್ನಿಯಾದ ಆಕಾರ ತಿದ್ದುವ ವಿಚಾರಕ್ಕೆ ಅವನೇ ಪೂರ್ವಜ ಎನ್ನಬಹುದು. ಮರುವರ್ಷ ಜರ್ಮನಿಯ ಕೀಲ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದ ಆಗಸ್ಟ್ ಮುಲ್ಲರ್‌ಗೆ ಸ್ವತಃ 14 ಡಯಾಪ್ಟರಿನಷ್ಟು ಸಮೀಪದೃಷ್ಟಿ ಇತ್ತು. ತಾನು ತೊಟ್ಟು ನೋಡಿದ ಗಾಜಿನ ಲೆನ್ಸನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಹಿಸಿಕೊಳ್ಳಲು ಅವನಿಂದ ಆಗಲಿಲ್ಲ.

ಗಾಜಿನಿಂದ ಬಿಡುಗಡೆ ದೊರೆತದ್ದು ಪ್ಲಾಸ್ಟಿಕ್ ಬಂದ ಮೇಲೆ. ಕಾರ್ನಿಯಾದ ಮೇಲಷ್ಟೇ ಕೂರುವ ಪುಟ್ಟ ಪ್ಲಾಸ್ಟಿಕ್ ಲೆನ್ಸನ್ನು 1948ರಲ್ಲಿ ಅಮೆರಿಕದ ಕೆವಿನ್ ಟೂಹಿ ರೂಪಿಸಿದ. ಹಗಲಿಡೀ ಧರಿಸಬಹುದಾದ ಲೆನ್ಸ್ ಜನರ ಕೈಗೆ ಬಂತು. ಅದರೊಂದಿಗೆ ಒಂದು ವಿಚಿತ್ರವೂ ಕಾಣಿಸಿಕೊಂಡಿತು. ಗಟ್ಟಿ ಲೆನ್ಸ್ ತೊಟ್ಟ ಹದಿಹರೆಯದವರಲ್ಲಿ ಸಮೀಪದೃಷ್ಟಿ ಮುಂದುವರಿಯದೆ ನಿಂತಂತಿದೆ ಎಂದು ರಾಬರ್ಟ್ ಮಾರಿಸನ್ ಮೊದಲಾದವರು 1950ರ ದಶಕದಲ್ಲಿ ವರದಿ ಮಾಡಿದರು. ಲೆನ್ಸ್ ತೆಗೆದ ಮೇಲೂ ಕೆಲವು ಹೊತ್ತು ಬರಿಗಣ್ಣಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ ಎಂದು ಹೇಳುವ ರೋಗಿಗಳೂ ಇದ್ದರು. ಲೆನ್ಸ್ ಕಾರ್ನಿಯಾದ ಆಕಾರವನ್ನು ಬದಲಿಸುತ್ತಿತ್ತು. ಅದುವರೆಗೆ ಅಡ್ಡಪರಿಣಾಮವೆನಿಸಿದ್ದನ್ನೇ ಔಷಧವಾಗಿ ಏಕೆ ಬಳಸಬಾರದು?

ಹಾಗೆ ಕೇಳಿದವರು ಶಿಕಾಗೋದ ಜಾರ್ಜ್ ಜೆಸೆನ್. ಅವರ ಜೊತೆಗಾರ ನ್ಯೂಟನ್ ವೆಸ್ಲಿಯ ಕಥೆಯೂ ಇಲ್ಲಿ ಸ್ಮರಣೀಯ. ಜಪಾನಿ ವಲಸಿಗರ ಮಗನಾದ ವೆಸ್ಲಿಯ ಮೊದಲ ಕುಲನಾಮ ಉಯೆಸುಗಿ. ಅಮೆರಿಕದ ಪಶ್ಚಿಮ ಕರಾವಳಿಯ ಪೋರ್ಟ್‌ಲೆಂಡಿನಲ್ಲಿ ಕಣ್ಣು ಪರೀಕ್ಷಕನಾಗಿದ್ದ ಅವನು, ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರನ್ನು ಸರ್ಕಾರ ಅಲ್ಲಿಂದ ತೆರವು ಮಾಡಿಸಿದಾಗ ಊರು ಬಿಡಬೇಕಾಯಿತು. ಅವನ ಕಾರ್ನಿಯಾವೂ ಶಂಕುವಿನಂತೆ ಚಾಚುತ್ತಿತ್ತು, ಕನ್ನಡಕದಿಂದ ಉಪಯೋಗವಿರಲಿಲ್ಲ. ತನ್ನ ದೃಷ್ಟಿಯನ್ನು ಉಳಿಸಿಕೊಳ್ಳುವ ಹಂಬಲದಿಂದಲೇ ಅವನು ಜೆಸೆನ್ ಜೊತೆಗೂಡಿ ಪ್ಲಾಸ್ಟಿಕ್ ಲೆನ್ಸ್‌ಗಳನ್ನು ತಯಾರಿಸತೊಡಗಿದ್ದು. ಇಬ್ಬರೂ ಕಟ್ಟಿದ ಸಂಸ್ಥೆ ಮುಂದೆ ಜಗತ್ತಿನ ದೊಡ್ಡ ಲೆನ್ಸ್ ಕಂಪನಿಗಳಲ್ಲೊಂದಾಯಿತು.

1962ರಲ್ಲಿ ಜೆಸೆನ್ ತಮ್ಮ ವಿಧಾನವನ್ನು ‘ಆರ್ಥೊಫೋಕಸ್’ ಎಂಬ ಹೆಸರಿನಲ್ಲಿ ಸಹೋದ್ಯೋಗಿಗಳ ಮುಂದಿಟ್ಟರು. ಕಾರ್ನಿಯಾದ ವಕ್ರತೆಗಿಂತ ಬೇಕೆಂದೇ ಚಪ್ಪಟೆಯಾಗಿಸಿದ ಲೆನ್ಸನ್ನು ಹಗಲು ತೊಡಿಸುವುದು, ಕಾರ್ನಿಯಾ ಬದಲಾದಂತೆ ಇನ್ನೂ ಚಪ್ಪಟೆಯಾದ ಮತ್ತೊಂದಕ್ಕೆ ಹೋಗುವುದು, ಇದೇ ಅದರ ಸಾರ. ಬೇಕಾದಷ್ಟು ಬದಲಾವಣೆ ಆದ ನಂತರ ಅದನ್ನು ಕಾಪಾಡಿಕೊಳ್ಳಲು ದಿನಕ್ಕೆ ಕೆಲವು ಗಂಟೆ ಲೆನ್ಸ್ ತೊಟ್ಟರೆ ಸಾಕು. ಕನ್ನಡಕಕ್ಕೆ ಶಾಶ್ವತ ವಿದಾಯ ಎಂಬ ಕನಸು ಹಲವರನ್ನು ಸೆಳೆಯಿತು.

ಪರೀಕ್ಷೆಯಲ್ಲಿ ಸೋಲು

ಆದರೆ ಚಪ್ಪಟೆ ಲೆನ್ಸ್ ಕಣ್ಣಿನ ನಡುವೆ ನಿಲ್ಲುತ್ತಿರಲಿಲ್ಲ. ಅದು ರೆಪ್ಪೆಯ ಜೊತೆ ಮೇಲಕ್ಕೆ ಜಾರಿ, ಕಾರ್ನಿಯಾವನ್ನು ಓರೆಯಾಗಿ ಒತ್ತಿ, ಇಲ್ಲದ ದೃಷ್ಟಿದೋಷವನ್ನು ಹುಟ್ಟಿಸುತ್ತಿತ್ತು. ಯಾರ ಕಣ್ಣು ಎಷ್ಟು ಬದಲಾದೀತೆಂದು ಮೊದಲೇ ಹೇಳುವುದೂ ಸಾಧ್ಯವಿರಲಿಲ್ಲ. ಒಬ್ಬೊಬ್ಬರಿಗೆ ಹಲವು ಜೊತೆ ಲೆನ್ಸ್‌ಗಳೂ ತಿಂಗಳುಗಟ್ಟಲೆ ಸಮಯವೂ ಬೇಕಾಗುತ್ತಿತ್ತು.

1970ರ ಮತ್ತು 80ರ ದಶಕಗಳಲ್ಲಿ ಹ್ಯೂಸ್ಟನ್, ಸ್ಯಾನ್ ಡಿಯಾಗೊ ಮತ್ತು ಬರ್ಕ್ಲಿಗಳಲ್ಲಿ ಈ ವಿಧಾನವನ್ನು ಕ್ರಮಬದ್ಧವಾಗಿ ಪರೀಕ್ಷಿಸಲಾಯಿತು. ಆರ್ಥೊಕೆರಟಾಲಜಿಯ ಲೆನ್ಸ್ ತೊಟ್ಟವರನ್ನು ಮಾಮೂಲು ಗಟ್ಟಿ ಲೆನ್ಸ್ ತೊಟ್ಟವರೊಡನೆ ಹೋಲಿಸಿದ ಬರ್ಕ್ಲಿ ಅಧ್ಯಯನದ ಫಲಿತಾಂಶ 1983ರಲ್ಲಿ ಹೊರಬಂತು. ಸರಾಸರಿ ಇಳಿಕೆ ಸುಮಾರು ಒಂದು ಡಯಾಪ್ಟರ್ ಮಾತ್ರ. ಲೆನ್ಸ್ ಬಿಟ್ಟರೆ ಅದೂ ಉಳಿಯದು. ಕಣ್ಣಿಗೆ ಅಪಾಯವೇನೂ ಕಾಣದಿದ್ದರೂ ಶಾಶ್ವತ ಪರಿಹಾರದ ಮಾತು ಅಲ್ಲಿಗೆ ಮುಗಿಯಿತು. ಶಿಷ್ಟ ವೈದ್ಯಲೋಕ ಈ ವಿದ್ಯೆಯನ್ನು ಬದಿಗಿಟ್ಟಿತು.

ರಾತ್ರಿಗೆ ಬಂದ ಲೆನ್ಸ್

ಬದಿಗೆ ಬಿದ್ದದ್ದನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಮೂರು ಬೆಳವಣಿಗೆಗಳು. ಮೊದಲನೆಯದು ಲೆನ್ಸಿನ ಆಕಾರ. 1989ರಲ್ಲಿ ಅಮೆರಿಕದ ರಿಚರ್ಡ್ ವ್ಲೋಡಿಗಾ ಮತ್ತು ನಿಕ್ ಸ್ಟೋಯನ್, ನಡುಭಾಗ ಚಪ್ಪಟೆಯಾಗಿಯೂ ಅದರ ಸುತ್ತಲಿನ ವಲಯ ಹೆಚ್ಚು ಬಾಗಿಯೂ ಇರುವ ಲೆನ್ಸನ್ನು ಪ್ರಕಟಿಸಿದರು. ಮಾಮೂಲು ಲೆನ್ಸಿನಲ್ಲಿ ಅಂಚಿನ ಕಡೆ ಬಾಗು ಕಡಿಮೆಯಾಗುತ್ತ ಹೋಗುತ್ತದೆ. ಇದು ಅದಕ್ಕೆ ತಿರುಗುಮುರುಗು. ಬಾಗಿದ ವಲಯ ಲೆನ್ಸನ್ನು ಕಣ್ಣಿನ ನಡುವೆ ಹಿಡಿದು ನಿಲ್ಲಿಸಿತು. ತಿಂಗಳುಗಳ ಕೆಲಸ ದಿನಗಳಲ್ಲಿ, ವಾರಗಳಲ್ಲಿ ಆಗತೊಡಗಿತು.

ಎರಡನೆಯದು ಅಳತೆ. ಕಪ್ಪು ಬಿಳುಪು ವರ್ತುಲಗಳ ಪ್ರತಿಬಿಂಬವನ್ನು ಕಾರ್ನಿಯಾದ ಮೇಲೆ ನೋಡುವ ತಟ್ಟೆಯನ್ನು ಪೋರ್ಚುಗಲ್ಲಿನ ಆಂಟೋನಿಯೋ ಪ್ಲಾಸಿಡೋ 1880ರಷ್ಟು ಹಿಂದೆಯೇ ರಚಿಸಿದ್ದ. ಕಂಪ್ಯೂಟರ್ ಅದಕ್ಕೆ ಜೊತೆಯಾದಾಗ, ಗುಡ್ಡಗಾಡಿನ ನಕಾಶೆ ತೆಗೆದಂತೆ, ಕಾರ್ನಿಯಾದ ಏರಿಳಿತದ ಬಣ್ಣದ ನಕ್ಷೆ ವೈದ್ಯರಿಗೆ ದೊರೆಯಿತು.

ಮೂರನೆಯದು ಉಸಿರು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಕಣ್ಣು ತೆರೆದಿರುವಾಗ ಅದು ಗಾಳಿಯಿಂದ ಆಮ್ಲಜನಕ ಪಡೆಯುತ್ತದೆ. ಮುಚ್ಚಿದಾಗ ರೆಪ್ಪೆಯ ಒಳಪದರದ ರಕ್ತನಾಳಗಳಿಂದ ಸುಮಾರು ಮೂರನೆಯ ಒಂದರಷ್ಟು ಮಾತ್ರ ದೊರೆಯುತ್ತದೆ. ಆಮ್ಲಜನಕವನ್ನು ಬಿಟ್ಟುಕೊಡದ ಹಳೆಯ ಪ್ಲಾಸ್ಟಿಕ್ ಲೆನ್ಸ್ ತೊಟ್ಟು ನಿದ್ದೆ ಮಾಡಿದರೆ ಕಾರ್ನಿಯಾ ಉಸಿರುಗಟ್ಟಿ ಊದಿಕೊಳ್ಳುತ್ತಿತ್ತು. ಆಮ್ಲಜನಕ ಹಾಯಲು ಬಿಡುವ ಗಟ್ಟಿ ಪದಾರ್ಥಗಳು ಬಂದ ಮೇಲೆ ರಾತ್ರಿಯ ಧಾರಣೆ ಸಾಧ್ಯವಾಯಿತು. 2002ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಪ್ಯಾರಗಾನ್ ಸಿಆರ್‌ಟಿ ಎಂಬ ರಾತ್ರಿಯ ಲೆನ್ಸಿಗೆ ಒಪ್ಪಿಗೆ ನೀಡಿತು. ಅದು 6 ಡಯಾಪ್ಟರ್‌ವರೆಗಿನ ಸಮೀಪದೃಷ್ಟಿಯನ್ನು ತಾತ್ಕಾಲಿಕವಾಗಿ ತಗ್ಗಿಸುವುದಕ್ಕಾಗಿ. ‘ತಾತ್ಕಾಲಿಕ’ ಎಂಬ ಪದ ಮುಖ್ಯ. ನಾಲ್ಕು ದಶಕಗಳ ಪಾಠ ಅದರಲ್ಲಿತ್ತು.

ಲೆನ್ಸ್ ಕಾರ್ನಿಯಾವನ್ನು ಲೋಹದ ತಗಡಿನಂತೆ ಬಗ್ಗಿಸುವುದಿಲ್ಲವೆಂಬುದೂ ಆ ಹೊತ್ತಿಗೆ ತಿಳಿದಿತ್ತು. ಆಸ್ಟ್ರೇಲಿಯಾದ ಹೆಲೆನ್ ಸ್ವಾರ್ಬ್ರಿಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದಂತೆ, ಬದಲಾವಣೆ ಬಹುಮಟ್ಟಿಗೆ ಹೊರಮೈಯ ಜೀವಕೋಶಗಳ ತೆಳು ಪದರಕ್ಕೆ ಸೇರಿದ್ದು. ಲೆನ್ಸಿನ ಅಡಿಯ ಕಣ್ಣೀರಿನ ಒತ್ತಡಕ್ಕೆ ಆ ಪದರ ನಡುವೆ ತೆಳುವಾಗುತ್ತದೆ, ಸುತ್ತಲಿನ ಉಂಗುರದಲ್ಲಿ ಕಾರ್ನಿಯಾ ದಪ್ಪವಾಗುತ್ತದೆ. ಲೆನ್ಸ್ ನಿಲ್ಲಿಸಿದರೆ ಕೆಲವು ದಿನ ಅಥವಾ ವಾರಗಳಲ್ಲಿ ಹಳೆಯ ಆಕಾರ ಮರಳುತ್ತದೆ.

ಮಕ್ಕಳು ತೆತ್ತ ಬೆಲೆ

1990ರ ದಶಕದ ಕೊನೆಯಲ್ಲಿ ಈ ಲೆನ್ಸ್ ಚೀನಾದಲ್ಲಿ ಬಿರುಸಿನಿಂದ ಹರಡಿತು. ಓದಿನ ಒತ್ತಡದಲ್ಲಿ ಬೆಳೆಯುತ್ತಿದ್ದ ಮಕ್ಕಳಲ್ಲಿ ಸಮೀಪದೃಷ್ಟಿ ಮನೆಮನೆಯ ಚಿಂತೆಯಾಗಿತ್ತು. ತರಬೇತಿಯಿಲ್ಲದವರೂ ಲೆನ್ಸ್ ಅಳವಡಿಸಿದರು, ಮಾರಾಟಗಾರರು ‘ವಾಸಿಯಾಗುತ್ತದೆ’ ಎಂದರು. ಕಾರ್ನಿಯಾಕ್ಕೆ ಸೋಂಕು ತಗುಲಿ ಹುಣ್ಣಾದ ಪ್ರಕರಣಗಳು ಚೀನಾ, ತೈವಾನ್ ಮತ್ತು ಹಾಂಗ್‌ಕಾಂಗ್‌ಗಳಿಂದ ಒಂದರ ಹಿಂದೊಂದು ವರದಿಯಾದವು. ಮೊದಲ 50 ಪ್ರಕರಣಗಳನ್ನು 2005ರಲ್ಲಿ ಪರಿಶೀಲಿಸಿದಾಗ, ಹೆಚ್ಚಿನವರು ಪೂರ್ವ ಏಷ್ಯಾದ ಮಕ್ಕಳೆಂದು ತಿಳಿಯಿತು. ಸುಮಾರು ಮೂರನೆಯ ಒಂದರಷ್ಟು ಪ್ರಕರಣಗಳಿಗೆ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಾರಣವಾಗಿತ್ತು. ಅದು ನಲ್ಲಿಯ ನೀರಿನಲ್ಲಿಯೂ ಇರುತ್ತದೆ. ಲೆನ್ಸನ್ನು ಆ ನೀರಿನಲ್ಲಿ ತೊಳೆದ ಸಣ್ಣ ತಪ್ಪಿಗೆ ಕಣ್ಣಿನ ಬೆಲೆ ತೆರಬೇಕಾಗಿತ್ತು.

ಚೀನಾ ಸರ್ಕಾರ ನಿಯಮಗಳನ್ನು ಬಿಗಿಗೊಳಿಸಿತು, ವರದಿಯಾಗುವ ಪ್ರಕರಣಗಳು ಇಳಿದವು. ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ವರ್ಷವೊಂದಕ್ಕೆ 10,000 ಧಾರಕರಲ್ಲಿ ಸುಮಾರು 8 ಮಂದಿಗೆ, ಮಕ್ಕಳನ್ನೇ ತೆಗೆದುಕೊಂಡರೆ ಸುಮಾರು 14 ಮಂದಿಗೆ ಇಂಥ ಸೋಂಕು ತಗುಲಬಹುದೆಂದು ಅಂದಾಜು ಮಾಡಿತು. ಅಪಾಯ ಚಿಕ್ಕದು, ಆದರೆ ಸೊನ್ನೆಯಲ್ಲ.

ಎಣಿಸಿರದ ಲಾಭ

ಇಷ್ಟೆಲ್ಲ ಆದ ಮೇಲೂ ಮಕ್ಕಳಿಗೆ ಈ ಲೆನ್ಸ್ ಕೊಡುವುದೇಕೆ? ಉತ್ತರ ಇರುವುದು ಕಾರ್ನಿಯಾದಲ್ಲಿ ಅಲ್ಲ, ಕಣ್ಣುಗುಡ್ಡೆಯ ಉದ್ದದಲ್ಲಿ. ಮಕ್ಕಳ ಸಮೀಪದೃಷ್ಟಿ ಹೆಚ್ಚುವುದು ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಅತಿಯಾಗಿ ಬೆಳೆಯುವುದರಿಂದ. ಪ್ರೌಢರ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಒಂದೇ ಮಿಲಿಮೀಟರ್ ಹೆಚ್ಚಿದರೂ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಹೀಗೆ ಹಿಗ್ಗಿದ ಕಣ್ಣಿನಲ್ಲಿ ಅಕ್ಷಿಪಟಲ ಕಳಚುವ, ಗ್ಲಾಕೋಮಾ ಬರುವ ಸಂಭವ ಮುಂದಿನ ವಯಸ್ಸಿನಲ್ಲಿ ಹೆಚ್ಚು. ಕನ್ನಡಕ ನೋಟವನ್ನು ತಿದ್ದುತ್ತದೆಯೇ ಹೊರತು ಈ ಬೆಳವಣಿಗೆಯನ್ನು ತಡೆಯದು.

ಹಾಂಗ್‌ಕಾಂಗ್‌ನ ಪಾಲಿನ್ ಚೋ ಮತ್ತು ಸಂಗಡಿಗರು ರಾತ್ರಿಯ ಲೆನ್ಸ್ ತೊಟ್ಟ ಮಕ್ಕಳ ಕಣ್ಣಿನ ಉದ್ದವನ್ನು ಎರಡು ವರ್ಷ ಅಳೆದು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನ್ನಡಕದ ಮಕ್ಕಳ ಕಣ್ಣು 0.54 ಮಿಲಿಮೀಟರ್ ಬೆಳೆದಿದ್ದರೆ ಇವರದು 0.29 ಮಾತ್ರ. ಆದರೆ ಇದರಲ್ಲಿ ಹೋಲಿಕೆಯ ಗುಂಪು ಹಳೆಯ ದಾಖಲೆಗಳಿಂದ ಬಂದದ್ದಾಗಿತ್ತು. ಆದ್ದರಿಂದ ಅವರೇ 6ರಿಂದ 10 ವರ್ಷದ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಮತ್ತೆ ಪರೀಕ್ಷೆ ನಡೆಸಿದರು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೆಳವಣಿಗೆ 0.63ರ ಬದಲು 0.36 ಮಿಲಿಮೀಟರ್, ಅಂದರೆ ಶೇಕಡಾ 43ರಷ್ಟು ಕಡಿಮೆ.

ಕಾರಣದ ಸುಳಿವು ದೊರೆತದ್ದು ಪ್ರಾಣಿಗಳಿಂದ. ಕೋಳಿಮರಿಗಳಿಗೆ ಲೆನ್ಸ್ ತೊಡಿಸಿದರೆ ಆ ಲೆನ್ಸಿಗೆ ತಕ್ಕಂತೆ ಕಣ್ಣು ಬೆಳೆಯುತ್ತದೆಂದು ಫ್ರಾಂಕ್ ಶೆಫೆಲ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದ್ದರು. ಕೋತಿಗಳ ಮೇಲೆ ಪ್ರಯೋಗ ಮಾಡಿದ ಹ್ಯೂಸ್ಟನ್ನಿನ ಅರ್ಲ್ ಸ್ಮಿತ್, ಈ ಬೆಳವಣಿಗೆಯಲ್ಲಿ ಅಕ್ಷಿಪಟಲದ ನಡುಭಾಗಕ್ಕಷ್ಟೇ ಅಲ್ಲದೆ ಅದರ ಸುತ್ತಂಚಿಗೂ ಮಾತಿದೆ ಎಂದು 2005ರಲ್ಲಿ ತಿಳಿಸಿದ. ಕನ್ನಡಕದಲ್ಲಿ ನಡುವಿನ ಬಿಂಬ ಸ್ಪಷ್ಟವಾದರೂ ಅಂಚಿನ ಬಿಂಬ ಅಕ್ಷಿಪಟಲದ ಹಿಂದೆ ಬೀಳಬಹುದು. ಅದನ್ನು ಹಿಡಿಯಲೆಂಬಂತೆ ಕಣ್ಣು ಉದ್ದವಾಗುತ್ತದೆ. ರಾತ್ರಿಯ ಲೆನ್ಸ್ ಕಾರ್ನಿಯಾದಲ್ಲಿ ಮೂಡಿಸುವ ಉಬ್ಬಿದ ಉಂಗುರ ಅಂಚಿನ ಬಿಂಬವನ್ನು ಮುಂದಕ್ಕೆ ತಂದು ಆ ಪ್ರಚೋದನೆಯನ್ನು ಕುಗ್ಗಿಸುತ್ತದೆ ಎಂಬುದು ಬಹುಜನ ವಿಜ್ಞಾನಿಗಳು ಒಪ್ಪುವ ವಿವರಣೆ. 1950ರ ದಶಕದಲ್ಲಿ ಗಟ್ಟಿ ಲೆನ್ಸಿನ ಬಗ್ಗೆ ಕೇಳಿಬಂದ ಮಾತು ಹೀಗೆ ಬೇರೊಂದು ದಾರಿಯಿಂದ ಮರಳಿ ಬಂತು.

ಇಂದು ಭಾರತದ ದೊಡ್ಡ ನಗರಗಳಲ್ಲಿಯೂ ಈ ಲೆನ್ಸ್ ದೊರೆಯುತ್ತದೆ. ಅದು ದುಬಾರಿ, ಎಲ್ಲ ಕಣ್ಣುಗಳಿಗೂ ಒಗ್ಗುವಂಥದಲ್ಲ. ಮಗುವಿನ ಕಣ್ಣು ಇನ್ನೂ ಬೆಳೆಯುವ ವಯಸ್ಸಿನಲ್ಲಿರುವಾಗ ನಿಲ್ಲಿಸಿಬಿಟ್ಟರೆ ಬೆಳವಣಿಗೆ ಮತ್ತೆ ಚುರುಕಾಗುವುದೆಂದು 2017ರ ಹಾಂಗ್‌ಕಾಂಗ್ ಅಧ್ಯಯನವೊಂದು ಎಚ್ಚರಿಸಿದೆ. ಸಮೀಪದೃಷ್ಟಿಯ ಏರಿಕೆ ತಗ್ಗಿಸಲು ಅಟ್ರೋಪಿನ್ ಎಂಬ ಕಣ್ಣಿನ ಹನಿಯೂ ವಿಶೇಷ ಕನ್ನಡಕಗಳೂ ಇವೆ. ದಿನವೂ ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ಸಮೀಪದೃಷ್ಟಿ ಅಂಟುವುದೇ ಕಡಿಮೆ ಎಂಬುದಂತೂ ಖರ್ಚಿಲ್ಲದ ಮಾತು.

ಹಾಸಿಗೆಯ ಕೆಳಗಿಟ್ಟ ಅಂಗಿಯ ಗೆರೆ ಸಂಜೆಗೆ ಮಾಸುತ್ತದೆ. ಕಾರ್ನಿಯಾದ ಇಸ್ತ್ರಿಯೂ ಹಾಗೆಯೇ. ಜೆಸೆನ್ ಕಾಲದವರು ಶಾಶ್ವತವಾಗಿಸಲು ಹೆಣಗಿದ್ದು ಅದನ್ನೇ. ಆದರೆ ಒಮ್ಮೆ ಹಿಗ್ಗಿದ ಕಣ್ಣುಗುಡ್ಡೆಯನ್ನು ಮತ್ತೆ ಕುಗ್ಗಿಸುವ ವಿದ್ಯೆ ಯಾರ ಬಳಿಯೂ ಇಲ್ಲ. ಅದಕ್ಕೇ, ಹಿಗ್ಗುವ ಮೊದಲೇ ತಡೆದ ಕಾಲು ಮಿಲಿಮೀಟರಿಗೆ ಇಷ್ಟು ಬೆಲೆ. ಆ ಕಾಲು ಮಿಲಿಮೀಟರ್ ಉಳಿಯುವುದು ಲೆನ್ಸ್ ಅಳೆದು ಕೊಡುವ ತಜ್ಞರ ಪರಿಣತಿಯಿಂದ ಎಷ್ಟೋ, ಮಲಗುವ ಮುನ್ನ ಮಗು ಸೋಪು ಹಾಕಿ ಕೈ ತೊಳೆದು ಒರೆಸಿಕೊಂಡಿದೆಯೇ ಎಂದು ನೋಡುವ ತಾಯಿತಂದೆಯರ ಎಚ್ಚರದಿಂದಲೂ ಅಷ್ಟೇ.