ಝಾರ್‌ನನ್ನು ಕೊಂದವರು, ಅವರನ್ನು ಒಡೆದವನು

ರಷ್ಯಾದ ಹಳೆಯ ಪಂಚಾಂಗದಂತೆ 1881ರ ಮಾರ್ಚ್ 1. ಸೇಂಟ್ ಪೀಟರ್ಸ್‌ಬರ್ಗ್‌ನ ಕ್ಯಾಥರೀನ್ ಕಾಲುವೆಯ ದಂಡೆಯ ಮೇಲೆ ಎರಡನೇ ಅಲೆಕ್ಸಾಂಡರನ ಸಾರೋಟು ಸಾಗಿತ್ತು. ಮೊದಲ ಬಾಂಬು ಸಿಡಿದಾಗ ಗಾಡಿಗೆ ಪೆಟ್ಟಾಯಿತೇ ಹೊರತು ದೊರೆಗೆ ಏನೂ ಆಗಲಿಲ್ಲ. ಗಾಯಾಳುಗಳನ್ನು ನೋಡಲೆಂದು ಅವನು ಕೆಳಗಿಳಿದ. ಎರಡನೆಯ ಬಾಂಬು ಬಿದ್ದದ್ದು ಅವನ ಕಾಲ ಬುಡಕ್ಕೇ. ಆಡಳಿತದಲ್ಲಿ ಜನಪ್ರತಿನಿಧಿಗಳಿಗೂ ಒಂದಿಷ್ಟು ದನಿ ಕೊಡುವ ಯೋಜನೆಗೆ ಅವನು ಒಪ್ಪಿಗೆ ನೀಡಿದ್ದು ಅದೇ ಬೆಳಿಗ್ಗೆ. ಪಟ್ಟಕ್ಕೆ ಬಂದ ಮಗ ಅದನ್ನು ಮೂಲೆಗೆ ತಳ್ಳಿದ.

ಕೊಂದದ್ದು ‘ನರೋದ್ನಾಯ ವೋಲ್ಯ’ ಎಂಬ ಗುಪ್ತ ಸಂಘಟನೆ. ಕರವಸ್ತ್ರ ಬೀಸಿ ಸನ್ನೆ ಮಾಡಿದ ಸೋಫಿಯಾ ಪೆರೋವ್‌ಸ್ಕಾಯಾ ಅದೇ ನಗರದ ಮಾಜಿ ಗವರ್ನರ್‌ನ ಮಗಳು. ಬಾಂಬು ತಯಾರಿಸಿದ ಕಿಬಾಲ್ಚಿಚ್ ಗಲ್ಲಿಗೇರುವ ಮುನ್ನ ಜೈಲಿನಲ್ಲಿ ಕೂತು ರಾಕೆಟ್ ಬಲದಿಂದ ಹಾರುವ ಯಂತ್ರದ ನಕ್ಷೆ ಬರೆದ. ಅದೇ ವರ್ಷ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿಗೆ ಬಲಿಯಾದಾಗ, ಜನರೇ ಸರ್ಕಾರವನ್ನು ಆರಿಸುವ ದೇಶದಲ್ಲಿ ಇಂಥ ಕೊಲೆಗೆ ಸಮರ್ಥನೆಯಿಲ್ಲವೆಂದು ಖಂಡಿಸಿದ್ದೂ ಇದೇ ಸಂಘಟನೆ!

ಇಂಥವರನ್ನು ಹುಚ್ಚರೆಂದು ತಳ್ಳಿಹಾಕುವುದು ಸುಲಭ. ಸರಿಯಾಗಿ ನೂರು ವರ್ಷಗಳ ನಂತರ, 1981ರಲ್ಲಿ, ಅಮೆರಿಕದ ವಿದ್ವಾಂಸೆ ಮಾರ್ಥಾ ಕ್ರೆನ್‌ಶಾ ಅದನ್ನು ಒಪ್ಪಲಿಲ್ಲ. ಭಯೋತ್ಪಾದಕರಲ್ಲಿ ಎದ್ದು ಕಾಣುವ ಸಮಾನ ಲಕ್ಷಣವೆಂದರೆ ಅವರು ಎಲ್ಲರಂತೆಯೇ ಇರುವುದು ಎಂಬುದು ಅವರ ವಾದ. ಅಲ್‌ಖೈದಾ ನಂಟಿನ 172 ಮಂದಿಯ ವಿವರ ಜಾಲಾಡಿದ ಮನೋವೈದ್ಯ ಮಾರ್ಕ್ ಸೇಜ್‌ಮನ್, 2004ರ ಪುಸ್ತಕದಲ್ಲಿ ಗೆಳೆತನ, ನೆಂಟಸ್ತಿಕೆಗಳತ್ತ ಬೊಟ್ಟುಮಾಡಿದರು: ಸಿದ್ಧಾಂತಕ್ಕಿಂತ ಮೊದಲು ಸಿಗುವುದು ಜೊತೆಗಾರರು.

ಜೊತೆಗಾರಿಕೆಯಿಂದ ಕಟ್ಟಿದ್ದನ್ನು ಜೊತೆಗಾರನಿಂದಲೇ ಒಡೆಯಬಹುದೆಂದು ಪೀಟರ್ಸ್‌ಬರ್ಗ್‌ನ ಪೊಲೀಸ್ ಅಧಿಕಾರಿ ಸುದೈಕಿನ್ ಎಂದೋ ಕಂಡುಕೊಂಡಿದ್ದ. 1882ರ ಕೊನೆಗೆ ಸೆರೆಸಿಕ್ಕ ಸೆರ್ಗೆಯ್ ಡೆಗಾಯೆವ್‌ನನ್ನು ಒಲಿಸಿಕೊಂಡು, ಅವನು ತಪ್ಪಿಸಿಕೊಂಡಂತೆ ನಾಟಕವಾಡಿಸಿ ಮತ್ತೆ ಸಂಘಟನೆಯೊಳಕ್ಕೆ ಬಿಟ್ಟ. ನಾಯಕಿ ವೆರಾ ಫಿಗ್ನೆರ್ ಸೇರಿದಂತೆ ಒಬ್ಬೊಬ್ಬರೇ ಸಿಕ್ಕಿಬಿದ್ದರು. ಡೆಗಾಯೆವ್ ಕೊನೆಗೆ ಸಂಗಾತಿಗಳ ಮುಂದೆ ಬಾಯಿಬಿಟ್ಟ. ಜೀವ ಉಳಿಯಬೇಕಾದರೆ ಸುದೈಕಿನ್‌ನನ್ನು ಮುಗಿಸಲು ನೆರವಾಗು ಎಂದರು. 1883ರ ಡಿಸೆಂಬರ್‌ನಲ್ಲಿ ಡೆಗಾಯೆವ್‌ನ ಮನೆಯಲ್ಲೇ ಅಧಿಕಾರಿಯ ಕೊಲೆಯಾಯಿತು. ಕೊಲ್ಲಿಸಿದವನು ಅಮೆರಿಕಕ್ಕೆ ಪರಾರಿಯಾಗಿ, ಅಲೆಕ್ಸಾಂಡರ್ ಪೆಲ್ ಎಂಬ ಹೆಸರಿನಲ್ಲಿ ಸೌತ್ ಡಕೋಟಾ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದ. ಅಷ್ಟರಲ್ಲಿ ಸಂಘಟನೆಯ ಬೆನ್ನು ಮುರಿದಿತ್ತು.

ಇದು ಅಪರೂಪದ ಅಂತ್ಯವಲ್ಲ. ರ‍್ಯಾಂಡ್ ಸಂಸ್ಥೆಗಾಗಿ ಸೇಥ್ ಜೋನ್ಸ್ ಮತ್ತು ಮಾರ್ಟಿನ್ ಲಿಬಿಕಿ 1968ರಿಂದ 2006ರವರೆಗಿನ 648 ಗುಂಪುಗಳನ್ನು ಪರಿಶೀಲಿಸಿದರು. ಕೊನೆಗೊಂಡ ಗುಂಪುಗಳಲ್ಲಿ ಶೇ. 43ರಷ್ಟು ರಾಜಕೀಯದ ದಾರಿ ಹಿಡಿದಿದ್ದವು, ಶೇ. 40ರಷ್ಟನ್ನು ಪೊಲೀಸರು ಮತ್ತು ಬೇಹುಗಾರರು ಮುಗಿಸಿದ್ದರು. ಸೇನಾಬಲಕ್ಕೆ ಸೋತವು ಶೇ. 7 ಮಾತ್ರ.

ಈ ಲೆಕ್ಕವೆಲ್ಲ ಗುಂಪುಗಳದ್ದು. 2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳ ಮೇಲೆ ನಡೆದ ದಾಳಿಗೆ 51 ಮಂದಿ ಬಲಿಯಾದರು. ದಾಳಿಕೋರ ಒಬ್ಬನೇ, ಅವನ ದ್ವೇಷಕ್ಕೆ ನೀರೆರೆದದ್ದು ಅಂತರ್ಜಾಲ. ನುಸುಳಲು ಅಲ್ಲಿ ಸಂಘಟನೆಯೂ ಇರಲಿಲ್ಲ, ಒಲಿಸಿಕೊಳ್ಳಲು ಡೆಗಾಯೆವ್ ಕೂಡ ಇರಲಿಲ್ಲ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದಿದ್ದರೆ ಸರಿ, ಇಲ್ಲವಾದರೆ ಅವನನ್ನು ಮೊದಲೇ ಪತ್ತೆಹಚ್ಚುವ ದಾರಿಯಿರಲಿಲ್ಲ ಎಂದು ಅಲ್ಲಿನ ವಿಚಾರಣಾ ಆಯೋಗ 2020ರಲ್ಲಿ ವರದಿ ಕೊಟ್ಟಿತು.