ಜಪಾನಿ ಕಾರಿಗೆ ಇಟ್ಟ ಬೊಟ್ಟು

2019ರಲ್ಲಿ ಮಗಳ ಬಾಣಂತನಕ್ಕೆ ಅಂತ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿದ್ದೆನಲ್ಲ, ವಾಪಸ್ ಕುಣಿಗಲ್ಲಿಗೆ ಬಂದಾಗ ಎಲ್ರೂ ಕೇಳಿದ್ದು ಮಗು ಯಾರ ಥರ ಇದೆ, ಚಳಿ ಹೆಂಗಿತ್ತು ಅಂತ. ನಾನು ಕಾರಿನ ಕತೆ ತೆಗೆದ್ರೆ ಪಕ್ಕದ ಮನೆ ಅಕ್ಕ, "ನೀನು ಬಾಣಂತನಕ್ಕೆ ಹೋಗಿದ್ಯೋ, ಮೆಕ್ಯಾನಿಕ್ ಕೆಲ್ಸಕ್ಕೆ ಹೋಗಿದ್ಯೋ?" ಅಂತ ನಕ್ಕುಬಿಟ್ರು. ನಗ್ಲಿ ಬಿಡಿ. ನಮ್ಮ ಕಡೆ ಮಕ್ಕಳು ಎಷ್ಟೋ ಜನ ಆ ಕಡೆ ಇದ್ದಾರೆ, ಯಾರಿಗಾದ್ರೂ ಉಪಯೋಗಕ್ಕೆ ಬಂದೀತು ಅಂತ ಇವತ್ತು ಕೂತು ಬರೀತಿದೀನಿ.

ಅಳಿಯಂದ್ರು ತಗೊಂಡಿದ್ದು ಜಪಾನಿನಿಂದ ಬಂದ ಹಳೇ ಕಾರು. ಸ್ಟೇರಿಂಗ್ ನಮ್ಮ ಥರಾನೇ ಬಲಗಡೆ. ಮುಂದ್ಗಡೆ ಮಧ್ಯದಲ್ಲಿ ಒಂದು ಪರದೆ. ಅದರೊಳಗೇ ರೇಡಿಯೋ, ಡಿವಿಡಿ, ಟಿವಿ, ನಕಾಶೆ ಎಲ್ಲಾ. ಆದ್ರೆ ಅಷ್ಟೂ ಜಪಾನೀ ಅಕ್ಷರ. ಕೀ ತಿರುಗಿಸಿದ ತಕ್ಷಣ ಒಳಗಿಂದ ಒಬ್ಬಳು ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಏನೋ ಹೇಳೋಳು. ಏನು ಅಂತ ಯಾರಿಗೂ ಗೊತ್ತಿಲ್ಲ. ಅಳಿಯಂದ್ರು ಕೆಲಸಕ್ಕೆ ಬಸ್ಸಲ್ಲೇ ಹೋಗ್ತಿದ್ರು, ಕಾರು ಮನೇಲೇ ಇರ್ತಿತ್ತು. ಮಗಳಿಗೆ ಲೈಸೆನ್ಸೂ ಇತ್ತು. ಆದ್ರೂ ಮುಟ್ಟೋಳಲ್ಲ. "ಅದು ಏನೋ ಎಚ್ಚರಿಕೆ ಹೇಳ್ತಾ ಇದೆ ಕಣಮ್ಮ, ಬ್ರೇಕೋ ಇಂಜಿನ್ನೋ, ಮಗೂನ ಕೂರಿಸ್ಕೊಂಡು ಹೆಂಗೆ ಓಡಿಸ್ಲಿ?" ಅನ್ನೋಳು. ನಾನಿದ್ದದ್ದೇ ಮೂರು ತಿಂಗಳು. ನಾನು ಹೊರಟ ಮೇಲೆ ಇವಳು ಬೆಳಿಗ್ಗೆಯಿಂದ ಸಂಜೆವರೆಗೂ ಕೂಸಿನ ಜೊತೆ ನಾಕು ಗೋಡೆ ನೋಡ್ಕೊಂಡು ಕೂರಬೇಕಲ್ಲ ಅಂತ ನನಗೆ ಒಳಗೊಳಗೇ ಸಂಕಟ.

ಅಲ್ಲಿ ಇಷ್ಟೊಂದು ಜಪಾನಿ ಕಾರು ಯಾಕೆ ಅಂತ ಮೊದಲು ಹೇಳ್ತೀನಿ. ಜಪಾನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ ಒಂದು ಸರ್ಕಾರಿ ತಪಾಸಣೆ, ಆಮೇಲೆ ಎರಡೆರಡು ವರ್ಷಕ್ಕೆ ಒಂದೊಂದು. ಖರ್ಚು ಜಾಸ್ತಿ. ಹಂಗಾಗಿ ಚೆನ್ನಾಗಿರೋ ಕಾರನ್ನೇ ಜನ ಬೇಗ ಮಾರಿಬಿಡ್ತಾರೆ. ನ್ಯೂಜಿಲೆಂಡಿನೋರು 1980ರ ದಶಕದ ಕೊನೇಲಿ ಆಮದಿನ ಕಟ್ಟುಪಾಡು ಸಡಿಲ ಮಾಡಿದ್ರು; ಹಡಗು ಹಡಗಲ್ಲಿ ಹಳೇ ಕಾರು ಬಂದು ಇಳಿದ್ವು. 1998ರಲ್ಲಿ ಕಾರಿನ ಸುಂಕಾನೇ ತೆಗೆದ್ರು, ಅಲ್ಲಿದ್ದ ಜೋಡಣೆ ಕಾರ್ಖಾನೆಗಳು ಬಾಗಿಲು ಹಾಕಿದ್ವು. ನಮ್ಮ ದೇಶದಲ್ಲಿ ಹಂಗಾಗಲಿಲ್ಲ. ಹಳೇ ಕಾರು ತರಿಸೋಕೆ ನಮ್ಮಲ್ಲಿ ಷರತ್ತೂ ಜಾಸ್ತಿ, ಸುಂಕವೂ ಜಾಸ್ತಿ. ಅದರ ಬದಲು ಜಪಾನಿನ ಟೊಯೋಟಾದೋರೇ ಕಿರ್ಲೋಸ್ಕರ್ ಜೊತೆ ಸೇರಿ ನಮ್ಮ ಬಿಡದಿಗೆ ಬಂದ್ರು, 2000ದಲ್ಲಿ ಕ್ವಾಲಿಸ್ ಬಿಟ್ರು. ಇಲ್ಲಿಗೇ ಅಂತ ಮಾಡಿದ ಕಾರಿಗೆ ಇಲ್ಲಿನ ರೇಡಿಯೋನೇ ಹಾಕಿರ್ತಾರೆ. ಅಲ್ಲಿಗೇ ಅಂತ ಮಾಡಿದ್ದು ಬೇರೆ ದೇಶಕ್ಕೆ ಹೋದಾಗ ತಾನೇ ಪೇಚಾಟ.

ಆ ಪರದೆಗೂ ಒಂದು ಇತಿಹಾಸ ಇದೆ. ಜಪಾನಲ್ಲಿ ಬಹಳಷ್ಟು ಬೀದಿಗೆ ಹೆಸರೇ ಇಲ್ಲ. ವಿಳಾಸ ಅಂದ್ರೆ ಇಂಥ ಬಡಾವಣೆ, ಇಂಥ ಬ್ಲಾಕು, ಇಂಥ ನಂಬರು ಅಷ್ಟೆ. ನಮ್ಮೂರಲ್ಲಾದ್ರೆ "ಕೆರೆ ಏರಿ ದಾಟಿ", "ಸ್ಟಡ್ ಫಾರ್ಮ್ ಪಕ್ಕ" ಅಂದ್ರೆ ಸಾಕು. ಅಲ್ಲಿ ಹೊಸಬರು ಸುತ್ತಿ ಸುತ್ತಿ ಸಾಯಬೇಕು. ಅದಕ್ಕೇ ಕಾರಿನೊಳಗೆ ನಕಾಶೆ ಇಡೋ ಯೋಚನೆ ಅಲ್ಲಿ ಬೇಗ ಬಂತು. 1981ರಲ್ಲೇ ಹೋಂಡಾದೋರು ಉಪಗ್ರಹದ ಸಹಾಯ ಇಲ್ಲದೆ, ಪಾರದರ್ಶಕ ಹಾಳೆ ಮೇಲೆ ಅಚ್ಚು ಹಾಕಿದ ನಕಾಶೆಯನ್ನ ಪರದೆ ಮುಂದೆ ಇಟ್ಟು ದಾರಿ ತೋರಿಸೋ ಯಂತ್ರ ಮಾಡಿದ್ರು. 1990ರಲ್ಲಿ ಮಾಜ್ದಾದೋರ ಯೂನೋಸ್ ಕಾಸ್ಮೋ ಅನ್ನೋ ಕಾರಲ್ಲಿ ಜಿಪಿಎಸ್ ನಕಾಶೆ ಕಾರಿನ ಜೊತೇಲೇ ಬಂತು. ಆಮೇಲೆ ಅದೇ ಪರದೆಗೆ ಟಿವಿ, ಸಿನಿಮಾ, ಹಾಡು ಎಲ್ಲಾ ಸೇರಿಕೊಂಡ್ವು.

ಆಕ್ಲೆಂಡಲ್ಲಿ ನಿಂತ ನಮ್ಮ ಕಾರಿಗೆ ಗೊತ್ತಿದ್ದದ್ದು ಜಪಾನಿನ ನಕಾಶೆ ಮಾತ್ರ. ಟಿವಿ ಅಂತೂ ಬರೋ ಹಂಗೇ ಇಲ್ಲ, ಎರಡೂ ದೇಶದ ಡಿಜಿಟಲ್ ಟಿವಿ ಪದ್ಧತಿನೇ ಬೇರೆ. ಡಿವಿಡಿಗೂ ಗಡಿ ಹಾಕಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಅವಾಗ: ಜಪಾನಿಗೆ 2ನೇ ನಂಬರು, ನ್ಯೂಜಿಲೆಂಡಿಗೆ 4, ನಮ್ಮ ದೇಶಕ್ಕೆ 5. ನಂಬರಿನ ಕಟ್ಟು ಇಲ್ಲದ ಡಿಸ್ಕ್ ಆದ್ರೆ ಓಡುತ್ತೆ, ಇಲ್ದಿದ್ರೆ ಕಕ್ಕಿಬಿಡುತ್ತೆ.

ರೇಡಿಯೋ ಕತೆ ಇನ್ನೂ ಸ್ವಾರಸ್ಯ. ನಮ್ಮಲ್ಲೂ ನ್ಯೂಜಿಲೆಂಡಲ್ಲೂ ಎಫ್‌ಎಂ ಅಂದ್ರೆ 88ರಿಂದ 108. ಜಪಾನಲ್ಲಿ ಮೊದಲಿಂದ 76ರಿಂದ 90. ಯಾಕಂದ್ರೆ 90ರಿಂದ 108ರವರೆಗಿನ ಜಾಗದಲ್ಲಿ ಅಲ್ಲಿ ಟಿವಿಯ ಮೊದಲ ಮೂರು ಚಾನೆಲ್ ಕೂತಿದ್ವು. 2011–12ರಲ್ಲಿ ಹಳೇ ಥರದ ಟಿವಿ ನಿಲ್ಲಿಸಿದ ಮೇಲೆ ಆ ಜಾಗ ಖಾಲಿ ಆಯ್ತು, ಆಮೇಲೆ ಎಫ್‌ಎಂ 95ರವರೆಗೆ ಬೆಳೀತು. ನಮ್ಮ ಮಗಳ ಕಾರು ಅದಕ್ಕೆ ಮುಂಚಿಂದು. ಈ ಕಷ್ಟಕ್ಕೆ ಅಂತಲೇ ಒಂದು ಸಣ್ಣ ಡಬ್ಬಿ ಸಿಗುತ್ತೆ, ಏರಿಯಲ್ ತಂತಿಗೂ ರೇಡಿಯೋಗೂ ಮಧ್ಯ ಸಿಕ್ಕಿಸೋದು. ಅದು ಸ್ಟೇಷನ್ ನಂಬರನ್ನ ಇಳಿಸಿ ಕೊಡುತ್ತೆ. ಹನ್ನೆರಡು ಕಳೆಯೋ ಡಬ್ಬಿ ಅಂತ ಇಟ್ಕೊಳಿ. ಬೆಂಗಳೂರಿನ 101.3 ರೈನ್‌ಬೋ ಆ ಕಾರಲ್ಲಿ 89.3ಕ್ಕೆ ಬರುತ್ತೆ. 102.9ರ ವಿವಿಧ ಭಾರತಿ ಇಳಿಸಿದ್ರೂ 90.9, ಅಂದ್ರೆ ಕೈಗೆ ಸಿಗಲ್ಲ. ನಮ್ಮ ಕಾರಲ್ಲಿ ಆ ಡಬ್ಬಿ ಇರಲಿಲ್ಲ. ಹಾಕಿಸೋಣ ಅಂದ್ರೆ ಮುಂದಿನ ಭಾಗ ಎಲ್ಲಾ ಬಿಚ್ಚಬೇಕು, ಕೂಲಿ ದುಬಾರಿ.

ಇದನ್ನೆಲ್ಲಾ ಕೇಳ್ತಾ ಇದ್ದಾಗ ನನಗೆ ನಮ್ಮಜ್ಜಿ ನೆನಪಾದ್ರು.

ರೇಡಿಯೋ ನಮ್ಮ ಸೀಮೆಗೆ ಬಂದಿದ್ದು ಮೈಸೂರಿಂದ. 1935ರ ಸೆಪ್ಟೆಂಬರ್ 10ರಂದು ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯೋರು ತಮ್ಮ ಮನೇಲೇ 30 ವಾಟಿನ ಯಂತ್ರ ಇಟ್ಕೊಂಡು ಪ್ರಸಾರ ಶುರು ಮಾಡಿದ್ರು. ನಮ್ಮ ಮನೇಲಿ ಹಚ್ಚೋ ಬಲ್ಬಿನಷ್ಟು ಶಕ್ತಿ ಅದು! "ಆಕಾಶವಾಣಿ" ಅನ್ನೋ ಹೆಸರು ಆ ಮೈಸೂರು ಸ್ಟೇಷನ್ನಿಂದು; ಆಮೇಲೆ 1950ರ ದಶಕದಲ್ಲಿ ಇಡೀ ದೇಶದ ರೇಡಿಯೋಗೇ ಆ ಹೆಸರಾಯ್ತು. 1955ರ ನವೆಂಬರ್ 2ಕ್ಕೆ ಬೆಂಗಳೂರು ಕೇಂದ್ರ ಶುರುವಾಯ್ತು.

ನಮ್ಮ ತಾತ ಬೆಂಗಳೂರಿಂದ ಸೆಕೆಂಡ್ ಹ್ಯಾಂಡಲ್ಲಿ ಒಂದು ವಾಲ್ವ್ ರೇಡಿಯೋ ತಂದಿದ್ರು, ಪರದೇಶದ್ದು. ಹಾಕಿದ ಮೇಲೆ ಅದು ಬಿಸಿಯಾಗಿ ಮಾತಾಡೋ ಹೊತ್ಗೆ ಅಜ್ಜಿ ಒಂದು ಒಬ್ಬೆ ಬಟ್ಟೆ ಹಿಂಡಿಬಿಡೋರು. ಅದರ ಗಾಜಿನ ಮೇಲೆ ಲಂಡನ್, ಪ್ಯಾರಿಸ್, ರೋಮ್ ಅಂತ ಊರಿನ ಹೆಸರು ಇಂಗ್ಲಿಷಲ್ಲಿ ಅಚ್ಚಾಗಿತ್ತು. ಬೆಂಗಳೂರು ಇಲ್ಲ, ಮೈಸೂರೂ ಇಲ್ಲ. ಅಜ್ಜಿಗೆ ಇಂಗ್ಲಿಷ್ ಇರಲಿ, ಕನ್ನಡ ಓದೋಕೂ ಬರ್ತಿರಲಿಲ್ಲ. ತಾತ ತಿರುಪಿ ತಿರುಪಿ ಬೆಂಗಳೂರು ಹಿಡಿದು ಹೊರಗೆ ಹೋದ್ರೆ, ಯಾರೋ ಹುಡುಗರು ಮುಟ್ಟಿ ಮುಳ್ಳು ಸರಿದುಬಿಡೋದು. ಆಮೇಲೆ ಬರೀ ಗೊರಗೊರ. ಒಂದಿನ ಬೆಂಗಳೂರು ಸರಿಯಾಗಿ ಬರ್ತಿದ್ದಾಗ ಅಜ್ಜಿ ಎದ್ದು ಹೋಗಿ, ಕುಂಕುಮದ ಬಟ್ಟಲು ತಂದು, ಮುಳ್ಳು ನಿಂತಿದ್ದ ಕಡೆ ಗಾಜಿನ ಮೇಲೆ ಒಂದು ಬೊಟ್ಟು ಇಟ್ರು. ಈಗಿನ 612 ಕಿಲೋಹರ್ಟ್ಸ್ ಅಂದ್ರೆ ಮೀಟರ್ ಲೆಕ್ಕದಲ್ಲಿ ಸುಮಾರು 490. ಅಜ್ಜಿಗೆ ಆ ಲೆಕ್ಕ ಯಾವುದೂ ಬೇಕಿರಲಿಲ್ಲ. ಬೊಟ್ಟಿಗೆ ಮುಳ್ಳು ಬಂತು ಅಂದ್ರೆ ಬೆಂಗಳೂರು ಬಂತು. ಹಬ್ಬದ ದಿನ ಗಾಜು ಒರೆಸಿದ್ರೆ ಮತ್ತೆ ಇಡೋರು.

ಅಮೆರಿಕದಿಂದ ಬಂದ ರೇಡಿಯೋ ಇರೋರಿಗೆ ಒಂದು ಮಾತು. ಅಲ್ಲಿ ಎಎಂ ಹತ್ತತ್ತು ಹೆಜ್ಜೆ ಹಾಕುತ್ತೆ, 610 ಆದ್ಮೇಲೆ 620, ನಮ್ಮದು ಒಂಬತ್ತೊಂಬತ್ತು. ಅದಕ್ಕೇ ನಮ್ಮ 612 ಸರಿಯಾಗಿ ಕೂರಲ್ಲ. ಹಿಂದ್ಗಡೆ 9/10 ಅಂತ ಸ್ವಿಚ್ ಇದೆಯಾ ನೋಡಿ. ಜಪಾನಿನದು ನಮ್ಮ ಥರ ಒಂಬತ್ತೇ, ಹಂಗಾಗಿ ಮಗಳ ಕಾರಲ್ಲಿ ಎಎಂ ಒಂದು ಮೊದಲ ದಿನದಿಂದ್ಲೇ ಚೆನ್ನಾಗಿ ಬರ್ತಿತ್ತು.

ಸರಿ, ಮಗು ಮಲಗಿದ್ದಾಗ ಅಮ್ಮ ಮಗಳಿಬ್ಬರೂ ನಿಂತ ಕಾರಲ್ಲಿ ಕೂತ್ವಿ. ಮೊಬೈಲಿನ ಭಾಷಾಂತರದ ಕ್ಯಾಮೆರಾ ಪರದೆಗೆ ಹಿಡಿದ್ರೆ ಜಪಾನಿ ಅಕ್ಷರದ ಮೇಲೆ ಇಂಗ್ಲಿಷ್ ಮೂಡುತ್ತೆ. ಒಂದೊಂದೇ ಒತ್ತಿ ಬರ್ಕೊಂಡ್ವಿ. ಸೆಟ್ಟಿಂಗ್‌ಗೆ ಅವರು "ಸೆತ್ತೇ" ಅಂತಾರಂತೆ, ಜ್ಞಾಪಕ ಇಡೋಕೆ ಕಷ್ಟಾನೇ ಇಲ್ಲ. ಹಿಂದಕ್ಕೆ ಹೋಗೋಕೆ "ಮೊದೊರು". ಮೊದಲಿದ್ದ ಕಡೆಗೆ ಅಂತ ನಾನು ನೆನಪಿಟ್ಕೊಂಡೆ. ಕೊನೆಗೆ ಆ ಹೆಣ್ಣುಮಗಳು ಹೇಳೋ ಮಾತನ್ನ ಮೊಬೈಲಿಗೆ ಕೇಳಿಸಿದ್ವಿ. ಏನಂತೆ ಗೊತ್ತಾ? "ಇಟಿಸಿ ಕಾರ್ಡ್ ಹಾಕಿಲ್ಲ" ಅಂತೆ! ನಮ್ಮ ಫಾಸ್ಟ್ಯಾಗ್ ಇದ್ಯಲ್ಲ, ಅಂಥದ್ದು ಜಪಾನಲ್ಲಿ 2001ರಲ್ಲೇ ಬಂದಿದೆ. ಬ್ರೇಕೂ ಅಲ್ಲ, ಇಂಜಿನ್ನೂ ಅಲ್ಲ. ಅಷ್ಟು ದಿನದಿಂದ ಅವಳು ಪಾಪ, ಜಪಾನಿನ ಟೋಲ್ ಕಾರ್ಡ್ ಕೇಳ್ತಿದ್ದಳು. ಮಗಳು ನಕ್ಕಳು ನೋಡಿ, ಹೆರಿಗೆ ಆದ್ಮೇಲೆ ಅವತ್ತೇ ನಾನು ಅವಳ ನಗು ನೋಡಿದ್ದು.

ನನ್ನ ಪರ್ಸಲ್ಲಿ ಸ್ಟಿಕ್ಕರ್ ಬೊಟ್ಟಿನ ಹಾಳೆ ಇತ್ತು. ಪರದೆ ಸುತ್ತ ಇರೋ ಗುಂಡಿಗಳ ಪಕ್ಕ ಅಂಟಿಸಿದ್ವಿ: ಕೆಂಪಿಗೆ ಸೆಟ್ಟಿಂಗ್, ಹಸಿರಿಗೆ ಹಿಂದಕ್ಕೆ, ಕಪ್ಪಿಗೆ ರೇಡಿಯೋ. ಆಮೇಲೆ ಸಿಗರೇಟ್ ಹಚ್ಚೋ ತೂತಿಗೆ ಸಿಕ್ಕಿಸೋ ಸಣ್ಣ ಎಫ್‌ಎಂ ಟ್ರಾನ್ಸ್‌ಮಿಟರ್ ತಂದ್ವಿ. ಮೊಬೈಲಿನ ಹಾಡನ್ನ ಕಾರಿನೊಳಗೇ ಪ್ರಸಾರ ಮಾಡುತ್ತೆ ಅದು. ಅದು ಶುರುವಾಗೋದು 87.5ಕ್ಕೆ, ಕಾರಿನ ರೇಡಿಯೋ ಮುಗಿಯೋದು 90ಕ್ಕೆ. ಎರಡೂ ಕೂಡೋ ಜಾಗ ಗೇಣುದ್ದ ಅಷ್ಟೆ. ಅದರಲ್ಲಿ ಬೇರೆ ಸ್ಟೇಷನ್ ಇಲ್ಲದ ಕಡೆ ಹುಡುಕಿ ಕೂರಿಸಿದ್ವಿ. ಮೊಬೈಲಲ್ಲಿ ಆಕಾಶವಾಣಿಯ ಆ್ಯಪ್ ಹಾಕಿದ್ರೆ, ಅಕ್ಕಂದಿರಾ, ಜಪಾನಿ ಕಾರಲ್ಲಿ, ಆಕ್ಲೆಂಡಲ್ಲಿ, ಬೆಂಗಳೂರು! ಆರು ವಾರದ ಚುಚ್ಚುಮದ್ದಿಗೆ ಮಗಳೇ ಓಡಿಸ್ಕೊಂಡು ಹೋದ್ಲು. ಹಿಂದ್ಗಡೆ ಕೂಸಿನ ಪಕ್ಕ ನಾನು.

ನಾನು ಹೊರಡೋಕೆ ಒಂದು ವಾರ ಇದ್ದಾಗ ಒಂದು ಎಡವಟ್ಟಾಯ್ತು. ಒಂದು ಗ್ಯಾರೇಜಲ್ಲಿ ಬ್ಯಾಟರಿ ಬದಲಾಯಿಸಿದ್ರು. ಕಾರು ಬಂತು, ಪರದೆ ಸತ್ತಿತ್ತು. ಕಳ್ಳರು ಕಿತ್ಕೊಂಡು ಹೋದ್ರೆ ಕೆಲಸಕ್ಕೆ ಬಾರದಿರಲಿ ಅಂತ ಕೆಲವು ಜಪಾನಿ ಪರದೆಗೆ ಬೀಗ ಇರುತ್ತಂತೆ, ಕರೆಂಟ್ ತಪ್ಪಿದ್ರೆ ಗುಟ್ಟಿನ ನಂಬರ್ ಕೇಳುತ್ತೆ. ನಮಗೆ ಯಾರೂ ಹೇಳಿರಲಿಲ್ಲ. "ಕಿತ್ತು ಬಿಸಾಕಿ ಹೊಸದು ಹಾಕಿಸ್ತೀನಿ" ಅಂದ್ರು ಅಳಿಯಂದ್ರು. ಮಗಳು ಒಪ್ಪಲಿಲ್ಲ. ಪರದೆ ಮೇಲೆ ತೋರಿಸ್ತಿದ್ದ ಸೀರಿಯಲ್ ನಂಬರ್ ಬರ್ಕೊಂಡು, ಅದನ್ನ ಬಲ್ಲೋರನ್ನ ಹುಡುಕಿ, ದುಡ್ಡು ಕೊಟ್ಟು ಬೀಗ ತೆಗೆಸಿದ್ಲು. ನಾವು ಹೊಂದಿಸಿದ್ದೆಲ್ಲಾ ಅಳಿಸಿಹೋಗಿತ್ತು. ಆದ್ರೆ ಬೊಟ್ಟು ಇದ್ದ ಕಡೆನೇ ಇದ್ವಲ್ಲ, ಮೊಬೈಲ್ ಹಿಡೀದೇ ಹತ್ತು ನಿಮಿಷಕ್ಕೆ ಎಲ್ಲಾ ವಾಪಸ್ ಹೊಂದಿಸಿಬಿಟ್ಲು. ನಾನು ಕೈ ಹಾಕಲಿಲ್ಲ, ಸುಮ್ಮನೆ ನೋಡ್ತಾ ಕೂತಿದ್ದೆ. ಇನ್ನು ಹೊರಡಬಹುದು ಅನ್ನಿಸಿತು.

ಮಕ್ಕಳು ಅಂಥ ಕಾರು ತಗೊಂಡ್ರೆ ಬ್ಯಾಟರಿ ಬಿಚ್ಚೋ ಮುಂಚೆ ಪರದೆಗೆ ಬೀಗ ಇದೆಯಾ ಅಂತ ಕೇಳೋಕೆ ಹೇಳಿ. ನಕಾಶೆಯ ಕಾರ್ಡು, ಡಿಸ್ಕು ಏನಿದ್ರೂ ಬಿಸಾಕಬೇಡಿ ಅನ್ನಿ, ಕೆಲವು ಪರದೆ ಅದನ್ನೇ ಕೇಳುತ್ತೆ. ಹೊಂದಿಸೋದೆಲ್ಲಾ ಕಾರು ನಿಂತಿದ್ದಾಗಲೇ ಮಾಡ್ಲಿ.

ಈಗ ಮೊಮ್ಮಗಳು ಶಾಲೆಗೆ ಹೋಗ್ತಾಳೆ. ಕಾರು ಅದೇ ಇದೆ. ಹೋದ ತಿಂಗಳು ಫೋನ್ ಮಾಡಿ, "ಅಜ್ಜಿ, ಕೆಂಪು ಬೊಟ್ಟು ಬಿದ್ದೋಯ್ತು" ಅಂದ್ಲು. ಕೊಬ್ಬರಿ ಖಾರದ ಜೊತೆ ಒಂದು ಹಾಳೆ ಸ್ಟಿಕ್ಕರೂ ಕಟ್ಟಿ ಇಟ್ಟಿದೀನಿ, ಆ ಕಡೆ ಹೋಗೋರು ಯಾರಾದ್ರೂ ಇದ್ರೆ ಹೇಳಿ.