ಬಿಟ್ಟಿಯ ಲೆಕ್ಕ: ಕೆರೆ, ನೀರುಗಂಟಿ ಮತ್ತು ಅರ್ಥಶಾಸ್ತ್ರದ ಮನುಷ್ಯ

ಕನ್ನಡದ ‘ಬಿಟ್ಟಿ’ ಎಂಬ ಮಾತಿಗೆ ಎರಡು ಮುಖ. ಸಂಸ್ಕೃತದ ‘ವಿಷ್ಟಿ’ಯ ತದ್ಭವವಾದ ಇದು ಹಿಂದೆ ಕೂಲಿ ಕೇಳದೆ ಮಾಡಲೇಬೇಕಿದ್ದ ದುಡಿಮೆಯ ಹೆಸರಾಗಿತ್ತು, ಬಿಟ್ಟಿ ಚಾಕರಿ ಎನ್ನುವಾಗ ಆ ಅರ್ಥ ಇನ್ನೂ ಇಣುಕುತ್ತದೆ. ಈಗ ನಾವು ಅದನ್ನು ಹೆಚ್ಚಾಗಿ ಬಳಸುವುದು ಕಾಸು ಬಿಚ್ಚದೆ ಕೈಸೇರಿದ ವಸ್ತುವಿಗೆ. ಕೊಟ್ಟವನ ಕಡೆಯಿಂದಲೂ ಪಡೆದವನ ಕಡೆಯಿಂದಲೂ ಒಂದೇ ಪದ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಮಾಜ ವಿಜ್ಞಾನಗಳಲ್ಲಿ ಬಲವಾಗಿ ಬೇರೂರಿದ ತರ್ಕಬದ್ಧ ಆಯ್ಕೆಯ ಸಿದ್ಧಾಂತಕ್ಕೆ ತಲೆನೋವಾದದ್ದು ಈ ಪಡೆದವನು. ಮನುಷ್ಯ ತನ್ನ ಲಾಭನಷ್ಟ ತೂಗಿ ನೋಡಿ ಆರಿಸಿಕೊಳ್ಳುತ್ತಾನೆ ಎಂಬುದು ಆ ಸಿದ್ಧಾಂತದ ಬುನಾದಿ. ಹಾಗಿದ್ದರೆ ಹತ್ತು ಜನ ಸೇರಿ ಮಾಡಬೇಕಾದ ಕೆಲಸದಲ್ಲಿ ಹತ್ತನೆಯವನು ಯಾಕೆ ಕೈ ಹಾಕಬೇಕು? ಮಿಕ್ಕ ಒಂಬತ್ತು ಜನ ಮಾಡಿದರೆ ಫಲ ಅವನಿಗೂ ಸಿಗುತ್ತದೆ. ಮನ್ಸರ್ ಓಲ್ಸನ್ 1965ರಲ್ಲಿ ಸಾಮೂಹಿಕ ಕ್ರಿಯೆಯ ತರ್ಕದ ಮೇಲೆ ಬರೆದ ಪುಸ್ತಕದ ತಿರುಳು ಇದೇ: ಗುಂಪು ದೊಡ್ಡದಾದಷ್ಟೂ, ಒತ್ತಾಯವೋ ಪ್ರತ್ಯೇಕ ಆಮಿಷವೋ ಇಲ್ಲದೆ ಜನ ಸಮಾನ ಹಿತಕ್ಕಾಗಿ ದುಡಿಯುವುದಿಲ್ಲ. ಮೂರು ವರ್ಷದ ನಂತರ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅದೇ ಮಾತನ್ನು ಗೋಮಾಳದ ಕಥೆಯಾಗಿ ಹೇಳಿದ. ಎಲ್ಲರಿಗೂ ತೆರೆದ ಹುಲ್ಲುಗಾವಲಿಗೆ ಒಬ್ಬೊಬ್ಬನೂ ಇನ್ನೊಂದು ಹಸು ಬಿಡುತ್ತಾನೆ, ಬಂದ ಲಾಭ ಅವನೊಬ್ಬನದು, ಆದ ಹಾನಿ ಎಲ್ಲರದು, ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಕಥೆ ಅವನ ಸ್ವಂತದ್ದಲ್ಲ, 1833ರಲ್ಲಿ ವಿಲಿಯಂ ಫಾರ್ಸ್ಟರ್ ಲಾಯ್ಡ್ ಹೇಳಿದ್ದು. ಅಂಥ ಗೋಮಾಳ ಯಾವ ಊರಲ್ಲಿತ್ತು ಎಂದು ಹಾರ್ಡಿನ್ ಹೇಳಲಿಲ್ಲ, ಕೇಳಿದವರೂ ಆಗ ಕಡಿಮೆ.

ಈ ತರ್ಕವನ್ನು ಹಳೆಯ ಮೈಸೂರು ಸೀಮೆಯ ಕೆರೆಗೆ ಹಿಡಿದು ನೋಡಬಹುದು. ಕೆರೆ ಗೋಮಾಳಕ್ಕಿಂತ ಕಠಿಣ ಪರೀಕ್ಷೆ, ಯಾಕೆಂದರೆ ಅದು ತಾನಾಗಿ ಬೆಳೆಯುವ ಹುಲ್ಲಲ್ಲ. ಏರಿ ಕುಸಿಯುತ್ತದೆ, ಹೂಳು ತುಂಬುತ್ತದೆ, ತೂಬು ಸೋರುತ್ತದೆ, ಕೋಡಿ ಕೊಚ್ಚಿಹೋಗುತ್ತದೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವ ಸರಪಳಿಯಲ್ಲಿ ಒಂದು ಒಡೆದರೆ ಕೆಳಗಿನವೂ ಒಡೆಯುವ ಅಪಾಯ. ಓಲ್ಸನ್ ಹೇಳುವ ಹತ್ತನೆಯವನು ಎಲ್ಲ ಊರಲ್ಲೂ ಕೈಕಟ್ಟಿ ಕುಳಿತಿದ್ದರೆ ಈ ಕೆರೆಗಳು ಒಂದು ತಲೆಮಾರೂ ಬಾಳುತ್ತಿರಲಿಲ್ಲ. ಆದರೆ ಮೈಸೂರಿನ ಮುಖ್ಯ ಇಂಜಿನಿಯರ್ ಆಗಿದ್ದ ಸ್ಯಾಂಕಿ (ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಕೊಟ್ಟವನೇ) 1866ರಲ್ಲಿ ವರದಿ ಬರೆಯುವಾಗ, ಈ ನೆಲದಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬಷ್ಟು ಕೆರೆಗಳು ಹೆಣೆದುಕೊಂಡಿರುವುದನ್ನು ಕಂಡು ಬೆರಗಾಗಿದ್ದ. ಇಂದಿಗೂ ಕರ್ನಾಟಕದ ದಾಖಲೆಗಳಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಇಷ್ಟನ್ನು ಶತಮಾನಗಳ ಕಾಲ ಯಾರು, ಯಾಕೆ ಕಾಪಾಡಿದರು? ಸಿದ್ಧಾಂತದವರೂ ಅವರ ಟೀಕಾಕಾರರೂ ಕೊಡುವ ಉತ್ತರಗಳನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿದಾಗ ಎರಡು ಕಡೆಯ ಕೊರತೆಯೂ ಕಾಣುತ್ತದೆ.

ಉತ್ತರದ ಒಂದು ತುದಿಯಲ್ಲಿ ನೀರುಗಂಟಿ ನಿಂತಿದ್ದಾನೆ. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಮೈಸೂರಿನ ಹಳ್ಳಿಯ ಹನ್ನೆರಡು ಆಯಗಾರರನ್ನು ಪಟ್ಟಿ ಮಾಡುವಾಗ ಗೌಡ, ಶಾನುಭೋಗ, ತಳವಾರ, ತೋಟಿಯರ ಜೊತೆಗೆ ಇವನನ್ನೂ ಎಣಿಸುತ್ತಾನೆ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ನೀರು ಎಂದು ಕಾಲುವೆಯುದ್ದಕ್ಕೂ ನಡೆದು ಬಿಡುವುದು, ಮಳೆಗಾಲದ ರಾತ್ರಿ ಏರಿ ಕಾಯುವುದು, ಬಿರುಕು ಕಂಡರೆ ಊರಿಗೆ ಕೂಗು ಹಾಕುವುದು ಅವನ ಕೆಲಸ. ರೈತನೇ ತನ್ನ ಗದ್ದೆಗೆ ನೀರು ತಿರುಗಿಸಿಕೊಳ್ಳುವಂತಿರಲಿಲ್ಲ. ನೀರು ಸಾಲದ ವರ್ಷ ತೂಬಿನ ಹತ್ತಿರದ ನೆಲವನ್ನಷ್ಟೇ ಎಲ್ಲರೂ ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಂಡು ಬೆಳೆಯುವ ಪದ್ಧತಿ ಕೋಲಾರದ ಕಡೆ ಇತ್ತು. ತಲೆಗದ್ದೆಯವನು ಪೂರ್ತಿ ಬೆಳೆದು ಬಾಲದವನು ಬಾಯಿ ಒಣಗಿಸಿಕೊಳ್ಳುವುದನ್ನು ಅದು ತಡೆಯುತ್ತಿತ್ತು. ಇದಕ್ಕೆಲ್ಲ ನೀರುಗಂಟಿಗೆ ಸಿಗುತ್ತಿದ್ದದ್ದು ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುವ ಆಯ, ಕೆಲವು ಕಡೆ ಒಂದು ತುಂಡು ಇನಾಂ ನೆಲ. ಎಲ್ಲ ರೈತರ ರಾಶಿಯಿಂದಲೂ ಪಾಲು ಬರುವುದರಿಂದ, ಬೆಳೆ ಎಲ್ಲೆಡೆ ಚೆನ್ನಾಗಿ ಬಂದಷ್ಟೂ ಅವನಿಗೆ ಅನುಕೂಲ.

ಎಲಿನಾರ್ ಓಸ್ಟ್ರಮ್ 1990ರ ತನ್ನ ಪುಸ್ತಕದಲ್ಲಿ ಸ್ವಿಟ್ಜರ್ಲೆಂಡಿನ ಹುಲ್ಲುಗಾವಲು, ಸ್ಪೇನಿನ ವಲೆನ್ಸಿಯಾದ ಕಾಲುವೆ, ಫಿಲಿಪ್ಪೀನ್ಸಿನ ನೀರಾವರಿ ಸಂಘಗಳಂಥ ನಿದರ್ಶನಗಳಿಂದ ಹಾರ್ಡಿನ್‌ಗೆ ಕೊಟ್ಟ ಉತ್ತರಕ್ಕೆ ಈ ನೀರುಗಂಟಿ ಹೇಳಿ ಮಾಡಿಸಿದಂತಿದ್ದಾನೆ. ಹಾರ್ಡಿನ್ ಕಂಡದ್ದು ಸರ್ಕಾರ ಅಥವಾ ಖಾಸಗಿ ಒಡೆತನ ಎಂಬ ಎರಡೇ ದಾರಿ. ಜನರೇ ಕಟ್ಟಿಕೊಂಡ ಕಟ್ಟಳೆ ಎಂಬ ಮೂರನೆಯದೂ ಇದೆ ಎಂದು ಆಕೆ ತೋರಿಸಿದಳು. ಯಾರಿಗೆ ಹಕ್ಕು ಎಂಬುದು ಸ್ಪಷ್ಟವಿರಬೇಕು, ನಿಗಾ ಇಡುವವನು ಬಳಸುವವರಿಗೆ ಉತ್ತರ ಕೊಡುವಂತಿರಬೇಕು, ತಪ್ಪಿಗೆ ತಕ್ಕಷ್ಟೇ ದಂಡ ಇರಬೇಕು ಎಂಬಂಥ ಎಂಟು ಸೂತ್ರಗಳನ್ನು ಹೆಕ್ಕಿದಳು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಹೆಂಗಸು ಆಕೆ. ಆಕೆಯನ್ನು ಲಾಭನಷ್ಟದ ಸಿದ್ಧಾಂತದ ಶತ್ರು ಎಂದು ಹೊಗಳುವವರು ನಮ್ಮಲ್ಲಿ ಬಹಳ. ಅದು ಸರಿಯಲ್ಲ. ಆಕೆಯ ರೈತನೂ ಲೆಕ್ಕ ಹಾಕುವವನೇ. ತಾನೊಬ್ಬನೇ ಮೋಸಹೋಗುವುದಿಲ್ಲ ಎಂಬ ಭರವಸೆ ಸಿಕ್ಕರೆ ಅವನ ಲೆಕ್ಕ ಬೇರೆಯಾಗುತ್ತದೆ, ಅಷ್ಟೆ. ಈ ಮಟ್ಟಿಗೆ ಸಿದ್ಧಾಂತಕ್ಕೆ ಅದರ ಪಾಲು ಕೊಡಲೇಬೇಕು. ಕಣದಲ್ಲಿ ಅಳೆಯುವ ಆಯವನ್ನು ಯೋಚಿಸಿದವನು ಯಾರೇ ಆಗಿರಲಿ, ಮನುಷ್ಯನ ಸ್ವಾರ್ಥವನ್ನು ಚೆನ್ನಾಗಿ ಬಲ್ಲವನು.

ಕೈ ಕಚ್ಚುವುದು ಮುಂದಿನ ಪ್ರಶ್ನೆಯಲ್ಲಿ: ಆ ನೀರುಗಂಟಿ ತನ್ನ ಕೆಲಸವನ್ನು ಆರಿಸಿಕೊಂಡನೆ? ಅನೇಕ ಊರುಗಳಲ್ಲಿ, ಕೋಲಾರದ ಕಡೆಯಂತೂ ಹೆಚ್ಚಾಗಿ, ನೀರುಗಂಟಿಗಳು ದಲಿತರು. ಹುಟ್ಟಿನಿಂದ ಬಂದ ಚಾಕರಿ ಅದು. ಅಚ್ಚುಕಟ್ಟಿನಲ್ಲಿ ಹೇಳಿಕೊಳ್ಳುವಂಥ ಗದ್ದೆ ಅವನಿಗಿಲ್ಲದ್ದರಿಂದಲೇ ಅವನನ್ನು ಪಕ್ಷಪಾತವಿಲ್ಲದ ಹಂಚಿಕೆದಾರ ಎಂದು ನಂಬಬಹುದಿತ್ತು. ಓಸ್ಟ್ರಮ್‌ಳ ಸೂತ್ರದಲ್ಲಿ ಇದು ನಿಷ್ಪಕ್ಷಪಾತದ ನಿಗಾ, ಊರಿನ ಬದುಕಿನಲ್ಲಿ ಭೂಮಿಯಿಲ್ಲದಿರುವಿಕೆ. ಕೆರೆಯನ್ನು ಕಟ್ಟಿದ ದುಡಿಮೆಗೆ ಬಂದರೆ ಕತ್ತಲೆ ಇನ್ನೂ ದಟ್ಟ. ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ, ಈಗ ಕಡಪ ಸೀಮೆಯಲ್ಲಿರುವ ಪೋರುಮಾಮಿಳ್ಳದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಹೇಳಿ, ಎರಡು ವರ್ಷ ದಿನವೂ ಸಾವಿರ ಆಳು, ನೂರು ಬಂಡಿ ಕೆಲಸ ಮಾಡಿದವೆಂದು ಹೇಳುತ್ತದೆ. ಕಟ್ಟಿಸಿದವನ ವಂಶ ಅದರಲ್ಲಿದೆ, ಆ ಸಾವಿರ ಜನರ ಗುರುತಿಲ್ಲ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಕೃಷ್ಣದೇವರಾಯ ಕಟ್ಟಿಸುತ್ತಿದ್ದ ಕೆರೆಯಲ್ಲಿ ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದುದನ್ನೂ, ಏರಿ ಮತ್ತೆ ಮತ್ತೆ ಒಡೆದಾಗ ನರಬಲಿ ಕೊಟ್ಟದ್ದನ್ನೂ ಬರೆದಿದ್ದಾನೆ. ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆಯಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆಯನ್ನೇ ಕೊಟ್ಟುಬಿಡುತ್ತಾರೆ. ಅದನ್ನು ತ್ಯಾಗದ ಪದವೆಂದು ಶಾಲೆಯಲ್ಲಿ ಕಲಿಸಿದ್ದೇ ಹೆಚ್ಚು. ಸಮೂಹದ ಒಳಿತಿನ ಬೆಲೆಯನ್ನು ಯಾರ ಮೇಲೆ ಹೊರಿಸುವುದು ಸುಲಭ ಎಂಬುದರ ಕಥೆಯಾಗಿಯೂ ಅದನ್ನು ಕೇಳಬಹುದು. ಕರ್ನಾಟಕದ ಕೆರೆಗಳ ಬಗ್ಗೆ ಸಂಶೋಧನೆ ಮಾಡಿದ ಈಷಾ ಷಾ ಇಂಥ ಜನಪದ ಸಾಮಗ್ರಿಯನ್ನು ಗಂಭೀರವಾಗಿ ತೆಗೆದುಕೊಂಡು, ಕೆರೆಯ ತಂತ್ರಜ್ಞಾನದೊಳಗೇ ಬಲಾತ್ಕಾರ ಬೆಸೆದುಕೊಂಡಿತ್ತೆಂದು ವಾದಿಸಿದ್ದಾರೆ. ತಮಿಳುನಾಡಿನ ಕೆರೆಗಳ ಮೇಲೆ ಡೇವಿಡ್ ಮಾಸ್ 2003ರಲ್ಲಿ ಬರೆದ ಪುಸ್ತಕದ ದಿಕ್ಕೂ ಇದೇ: ಕೆರೆ ನೀರಿನ ವ್ಯವಸ್ಥೆಯಾಗಿದ್ದಷ್ಟೇ ಅಧಿಕಾರ ಮತ್ತು ಜಾತಿಮರ್ಯಾದೆಯ ವ್ಯವಸ್ಥೆ.

ಇದಕ್ಕೆ ಸಿದ್ಧಾಂತದವರ ಬಳಿ ಉತ್ತರವಿಲ್ಲದೆ ಇಲ್ಲ. ಓಲ್ಸನ್ ಒತ್ತಾಯವನ್ನು ಮೊದಲೇ ಹೇಳಿದ್ದನಲ್ಲ ಎನ್ನುತ್ತಾರೆ. ಬಿಟ್ಟಿಗೆ ಬಾರದಿದ್ದರೆ ಬೀಳುವ ಏಟು ಕೂಡ ಒಂದು ಬೆಲೆ, ಏಟಿಗಿಂತ ದುಡಿಮೆ ಅಗ್ಗವೆಂದು ಆಳು ಬಂದ, ಲೆಕ್ಕ ಸರಿಹೋಯಿತು. ಸರಿಹೋಯಿತು ನಿಜ, ಆದರೆ ಹೀಗೆ ಎಲ್ಲವನ್ನೂ ಬೆಲೆಯಾಗಿಸಿದ ಮೇಲೆ ಸಿದ್ಧಾಂತ ಹೇಳಿದ್ದಾದರೂ ಏನು? ಏಟು ಕೊಡುವ ಕೈ ಯಾರದ್ದು, ತಿನ್ನುವ ಬೆನ್ನು ಯಾರದ್ದು ಎಂಬುದು ಇತಿಹಾಸ ಮಾಡಿಟ್ಟ ಸಂಗತಿ, ಲೆಕ್ಕ ಆರಂಭವಾಗುವುದು ಅದಾದ ಮೇಲೆ. ಪುಣ್ಯದ ವಿಷಯದಲ್ಲೂ ಇದೇ ತೊಡಕು. ಕೆರೆ ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂಬ ನಂಬಿಕೆಯನ್ನು, ಏರಿ ರಿಪೇರಿಗೆಂದು ಬಿತ್ತುವಟ್ಟ, ಕಟ್ಟುಕೊಡಗಿ ಬಿಟ್ಟವರ ಶಾಸನಗಳನ್ನು ‘ಮನಸ್ಸಿನ ಲಾಭ’ ಎಂಬ ಕಾಲಮ್ಮಿಗೆ ಹಾಕಿಬಿಡಬಹುದು. ಮತದಾನದ ವಿಷಯದಲ್ಲಿ ಹಾಗೇ ಆಯಿತು. ಒಬ್ಬನ ಮತದಿಂದ ಫಲಿತಾಂಶ ಬದಲಾಗುವ ಸಂಭವ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆಯಿರುವಾಗ ಜನ ಯಾಕೆ ಸಾಲಿನಲ್ಲಿ ನಿಲ್ಲುತ್ತಾರೆಂಬುದು 1957ರಲ್ಲಿ ಆಂಥೊನಿ ಡೌನ್ಸ್ ಬಿಟ್ಟುಹೋದ ಒಗಟು. 1968ರಲ್ಲಿ ರೈಕರ್ ಮತ್ತು ಆರ್ಡಶೂಕ್ ಸಮೀಕರಣಕ್ಕೆ ‘ಕರ್ತವ್ಯ’ದ ಒಂದು ಅಕ್ಷರ ಸೇರಿಸಿ ಅದನ್ನು ಬಿಡಿಸಿದರು. ಒಗ್ಗರಣೆ ಹಾಕಿದರೆ ಹಳಸಿದ್ದೂ ಘಮ್ಮೆನ್ನುತ್ತದೆ! ಅಮರ್ತ್ಯ ಸೇನ್ 1977ರ ‘ತರ್ಕಬದ್ಧ ಮೂರ್ಖರು’ ಎಂಬರ್ಥದ ಶೀರ್ಷಿಕೆಯ ಪ್ರಬಂಧದಲ್ಲಿ ಈ ದೌರ್ಬಲ್ಯಕ್ಕೇ ಕೈಹಾಕಿದರು. ಮನುಷ್ಯ ತನಗೆ ನಷ್ಟವೆಂದು ತಿಳಿದೂ ಒಂದು ಬದ್ಧತೆಗಾಗಿ ನಡೆದುಕೊಳ್ಳುವುದುಂಟು. ಅದನ್ನೂ ಬಯಕೆ ಎಂದೇ ಕರೆದರೆ ಬಯಕೆ ಎಂಬ ಪದಕ್ಕೆ ಅರ್ಥವೇ ಉಳಿಯದು.

ಹಾಗೆಂದು ಎಲ್ಲವೂ ಬಲಾತ್ಕಾರ, ಎಲ್ಲವೂ ಜಾತಿ ಎಂದು ಷರಾ ಬರೆಯಲು ಹೊರಟರೆ ರಾಬರ್ಟ್ ವೇಡ್ ಅಡ್ಡ ಬರುತ್ತಾನೆ. 1988ರ ಪುಸ್ತಕದಲ್ಲಿ ಅವನು ವರ್ಣಿಸಿದ್ದು ಕರ್ನೂಲು ಜಿಲ್ಲೆಯ ಕಾಲುವೆ ಊರುಗಳನ್ನು. ಒಂದೇ ಸೀಮೆ, ಒಂದೇ ಬಗೆಯ ಜಾತಿ ವ್ಯವಸ್ಥೆ. ಆದರೂ ಕೆಲವು ಊರುಗಳು ತಮ್ಮದೇ ಮಂಡಳಿ ಮಾಡಿಕೊಂಡು, ನಿಧಿ ಕೂಡಿಸಿ, ನೀರು ಬಿಡುವವರನ್ನೂ ಹೊಲ ಕಾಯುವವರನ್ನೂ ಸಂಬಳಕ್ಕೆ ಇಟ್ಟುಕೊಂಡಿದ್ದವು, ಕೆಲವು ಏನನ್ನೂ ಮಾಡಿರಲಿಲ್ಲ. ಮಾಡಿದವು ಹೆಚ್ಚಾಗಿ ನೀರು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ ಎಂಬ ಸ್ಥಿತಿಯ, ಕಾಲುವೆಯ ಬಾಲದ ಊರುಗಳು. ಜಾತಿಯೊಂದೇ ಕಾರಣವಾಗಿದ್ದರೆ ಈ ವ್ಯತ್ಯಾಸ ಬರುತ್ತಿರಲಿಲ್ಲ, ಒಗ್ಗಟ್ಟಿನ ಸಂಸ್ಕೃತಿಯೊಂದೇ ಆಗಿದ್ದರೂ ಬರುತ್ತಿರಲಿಲ್ಲ. ಕೊರತೆಯ ಲೆಕ್ಕ ಇಲ್ಲಿ ನಿಜವಾಗಿ ಕೆಲಸ ಮಾಡಿದೆ. ಆದರೆ ವೇಡ್ ಇನ್ನೊಂದನ್ನೂ ಗಮನಿಸಿದ್ದ: ಮಂಡಳಿ ನಡೆಸುತ್ತಿದ್ದವರು ದೊಡ್ಡ ಹಿಡುವಳಿದಾರರು, ಅವರ ಗದ್ದೆಗಳು ತಲೆಯಿಂದ ಬಾಲದವರೆಗೆ ಚದುರಿದ್ದವು. ಬಾಲಕ್ಕೆ ನೀರು ಮುಟ್ಟಿಸುವುದು ಅವರ ಅಗತ್ಯವೂ ಆಗಿತ್ತು. ಹಾಗಾಗಿ ಕೆರೆಯಡಿಯಲ್ಲೂ ಕಾಲುವೆಯಡಿಯಲ್ಲೂ ಲೆಕ್ಕ ಇತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಲೆಕ್ಕ ಹಾಕುವ ಸ್ವಾತಂತ್ರ್ಯ ಎಲ್ಲರಿಗೂ ಸಮವಾಗಿ ಹಂಚಿರಲಿಲ್ಲ, ಮತ್ತು ಕೆಲವರಿಗೆ ಆ ಸ್ವಾತಂತ್ರ್ಯ ಇಲ್ಲದ್ದೇ ಮಿಕ್ಕವರ ಲೆಕ್ಕ ಸುಲಭವಾಗಿ ಕೂಡಿಬರಲು ಕಾರಣವಾಗಿತ್ತು.

ವ್ಯವಸ್ಥೆ ಕುಸಿದ ಬಗೆಯೂ ಇದನ್ನೇ ಹೇಳುತ್ತದೆ. ಬ್ರಿಟಿಷ್ ಕಮಿಷನರುಗಳ ಕಾಲದಲ್ಲಿ, 1860ರ ದಶಕದಿಂದ, ಸರ್ವೆ ನಡೆದು ಎಕರೆಗಿಷ್ಟು ಎಂದು ನಗದು ಕಂದಾಯ ನಿಂತಿತು, ಇನಾಂಗಳ ತಪಾಸಣೆ ನಡೆಯಿತು, ಕೆರೆ ಸರ್ಕಾರದ ಇಂಜಿನಿಯರುಗಳ ಕಡತಕ್ಕೆ ಸೇರಿತು. ಮರಮ್ಮತ್ತು ಯಾರ ಹೊಣೆ, ರೈತರದ್ದೋ ಸರ್ಕಾರದ್ದೋ, ಎಂಬ ಜಗ್ಗಾಟ ಅಲ್ಲಿಂದ ಮುಂದೆ ಮುಗಿಯಲೇ ಇಲ್ಲ. 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿಗಳ ಕಾಯಿದೆ ತಂದದ್ದು ಅದರದೇ ಕುರುಹು. ಹಳೆಯ ಸ್ವಾಯತ್ತ ಗ್ರಾಮವನ್ನು ಪರಕೀಯ ಆಡಳಿತ ಹಾಳುಮಾಡಿತು ಎಂದು ವಾದಿಸುವವರಿಗೆ ಇಲ್ಲಿ ಪುರಾವೆ ಸಿಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕತ್ತರಿ ಹಾಕಿದ ಇನ್ನೊಂದು ಕಾನೂನು ನಮ್ಮದೇ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ ಪಟೇಲ, ಶಾನುಭೋಗರ ಜೊತೆಗೆ ತೋಟಿ, ತಳವಾರ, ನೀರುಗಂಟಿಯರ ವಂಶಪಾರಂಪರ್ಯ ಚಾಕರಿಯನ್ನೂ ತೆಗೆದುಹಾಕಿತು. ಇದರಿಂದ ಕೆರೆ ಹಾಳಾಯಿತೆಂದು ಮರುಗುವವರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ಹುಟ್ಟಿನಿಂದ ಬಂದ ಚಾಕರಿ ಹೋಗಬಾರದಿತ್ತೆ? ಅದನ್ನು ತೆಗೆದವರನ್ನೂ ಒಂದು ಪ್ರಶ್ನೆ ಕೇಳಬೇಕು: ಆ ಕೆಲಸಕ್ಕೆ ಮರ್ಯಾದೆಯ ಸಂಬಳ ಕೊಡುವ ಏರ್ಪಾಡು ಯಾಕಾಗಲಿಲ್ಲ? ಬಿಟ್ಟಿ ಮಾಡುವವರು ನಿಂತಾಗ ಬಿಟ್ಟಿ ಪಡೆಯುತ್ತಿದ್ದವರು ಕೈಯಿಂದ ಕೊಟ್ಟು ನಡೆಸಲು ಮುಂದೆ ಬಂದ ಊರುಗಳು ಕಡಿಮೆ. 2002ರಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಸಮುದಾಯ ಆಧಾರಿತ ಕೆರೆ ಯೋಜನೆ ಬಂದು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸುವ ಹೊತ್ತಿಗೆ, ಸಮುದಾಯವೆಂಬುದು ಎಂದೋ ಇತ್ತು, ಎಬ್ಬಿಸಿದರೆ ಏಳುತ್ತದೆ ಎಂಬ ನಂಬಿಕೆ ಕಡತಗಳಲ್ಲಿ ಗಟ್ಟಿಯಾಗಿ ಕೂತಿತ್ತು.

ಅಷ್ಟರಲ್ಲಿ ನೀರೇ ಜಾಗ ಬದಲಿಸಿತ್ತು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗದ್ದೆಯವರು ಕೊಳವೆ ಬಾವಿಗೆ ಹೊರಳಿದ್ದರು. ತೂಬಿನ ಸರದಿಗೆ ಕಾಯದೆ, ಯಾರ ಮಾತೂ ಕೇಳದೆ, ತನ್ನ ಹೊಲದಲ್ಲೇ ಗುಂಡಿ ಒತ್ತಿದರೆ ನೀರು. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರದ ಬಿಟ್ಟಿ ಕರೆಂಟು. ಪಕ್ಕದವನು ಇನ್ನೂರು ಅಡಿ ಕೊರೆಸಿದರೆ ಇವನು ನಾನೂರು, ಅವನು ಎಂಟುನೂರು. ಹಾರ್ಡಿನ್ ಊಹೆಯಲ್ಲಿ ಕಂಡ ಗೋಮಾಳ ಕೊನೆಗೂ ಸಿಕ್ಕಿತೆಂದರೆ ಇಲ್ಲಿಯೇ, ನೆಲದಡಿಯಲ್ಲಿ, ಮತ್ತು ಅದಕ್ಕೆ ಬೇಕಾದ ಮನುಷ್ಯನನ್ನು ಪಂಪು, ಸಾಲ, ಪೇಟೆ, ಪುಕ್ಕಟೆ ವಿದ್ಯುತ್ತು ಸೇರಿ ಐವತ್ತು ವರ್ಷದಲ್ಲಿ ತಯಾರು ಮಾಡಿದವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ಕೋಲಾರದ ಕೆರೆಗಳಿಗೆ ತುಂಬುತ್ತಿದ್ದಾರೆ. ಎಷ್ಟೋ ಕಾಲ ಒಣಗಿದ್ದ ಕೆರೆಗಳು ಈಗ ಬೇಸಿಗೆಯಲ್ಲೂ ತುಂಬಿ ಕಾಣುತ್ತವೆ. ಆದರೆ ಆ ನೀರನ್ನು ತೂಬಿನಿಂದ ಗದ್ದೆಗೆ ಬಿಡುವಂತಿಲ್ಲ. ಅದು ಇಂಗಿ ಕೊಳವೆ ಬಾವಿಗಳಿಗೆ ಇಳಿಯಬೇಕೆಂಬುದು ಯೋಜನೆಯ ಉದ್ದೇಶ. ಯಾರ ಬಾವಿಗೆ ಎಷ್ಟು ಇಳಿಯಿತೆಂದು ಏರಿಯ ಮೇಲೆ ನಿಂತು ನೋಡಿ ಹೇಳಬಲ್ಲವರು ಅಲ್ಲಿ ಯಾರೂ ಇಲ್ಲ.